ಪ್ಲೇಯರಿಗೆ ತೊಡಿಸಿದ ಮಖಮಲ್ಲು

ನನ್ನ ಮೇಜಿನ ಡ್ರಾಯರಿನಲ್ಲಿ, ಸವೆದ ರಬ್ಬರ್ ಸ್ಟಾಂಪು, ತುಕ್ಕು ಹಿಡಿದ ಪಿನ್ನುಗಳು, ಯಾವ ಬೀಗದ್ದೆಂದು ಮರೆತುಹೋದ ಕೀಲಿಕೈಗಳ ನಡುವೆ, ಎರಡು ಬೆರಳಗಲದ ಮಖಮಲ್ಲಿನ ತುಂಡೊಂದು ಮೊನ್ನೆ ಮೊನ್ನೆಯವರೆಗೂ ಬಿದ್ದುಕೊಂಡಿತ್ತು. ಬಣ್ಣ ಚೆಂಡುಹೂವಿನದು. ವರ್ಷಕ್ಕೊಮ್ಮೆ ಡ್ರಾಯರು ಚೊಕ್ಕಟ ಮಾಡುತ್ತೇನೆಂದು ಪಣ ತೊಟ್ಟು ಕೂರುವ ನಾನು ಅದನ್ನು ಪ್ರತಿ ಸಲ ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಮತ್ತೆ ಅಲ್ಲಿಯೇ ಇಡುತ್ತಿದ್ದೆ. ಬಟ್ಟೆಯ ಚೂರು ಜೋಪಾನ ಮಾಡಲು ನಾನೇನು ದರ್ಜಿಯಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಜನರ ಅರ್ಜಿ ತುಂಬಿಕೊಟ್ಟು, ಜೆರಾಕ್ಸ್ ಮಾಡಿಕೊಟ್ಟು ಬದುಕುವವನು. ಹೊಲಿಗೆ ನಮ್ಮ ಅಕ್ಕನದು.

ಇದೇ ಅಂಗಡಿ ಒಂದು ಕಾಲಕ್ಕೆ ಸಿ.ಡಿ.ಗಳಿಗೆ ಹಾಡು ತುಂಬಿಕೊಡುವ ಅಂಗಡಿಯಾಗಿತ್ತು ಎಂದರೆ ಈಗಿನ ಗಿರಾಕಿಗಳು ನಗುತ್ತಾರೆ. ಆಗ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಹಾಡು ಹಚ್ಚುವ, ಬೆಂಕಿಪೊಟ್ಟಣದಷ್ಟು ಚಿಕ್ಕದೊಂದು ಪ್ಲೇಯರ್ ಕುಳಿತಿರುತ್ತಿತ್ತು. ಅದರೊಳಗೆ ಹಸಿರು ಅಂಕಿಗಳು ಓಡುತ್ತಿದ್ದವು, ತಾಳಕ್ಕೆ ತಕ್ಕಂತೆ ಪುಟ್ಟ ಪುಟ್ಟ ಗೆರೆಗಳು ಕುಪ್ಪಳಿಸುತ್ತಿದ್ದವು. ಅದರ ದೊಡ್ಡ ಗುಣವೆಂದರೆ, ಸ್ನೇಹಿತರೆ, ಅದು ನಮ್ಮ ಮಾತು ಕೇಳುತ್ತಿತ್ತು. ಬೇಕಾದ ಬಣ್ಣ ಬಳಿದು, ಬೇಕಾದ ಕಡೆ ಬಟನ್ ಬರೆದು ಅದರ ಮೇಲೆ ಹೊದಿಸಬಹುದಿತ್ತು. ಇಂಗ್ಲಿಷಿನವರು ಈ ಹೊದಿಕೆಯನ್ನು ಚರ್ಮ ಎನ್ನುತ್ತಿದ್ದರು. ನಮಗೆ ಅದು ಸರಿ ಕಾಣದೆ ಅಂಗಿ ಎಂದು ಕರೆದುಕೊಂಡಿದ್ದೆವು. ಮರದ ರೇಡಿಯೊದಂಥ ಅಂಗಿ, ಸ್ಟೀಲಿನ ಡಬ್ಬಿಯಂಥ ಅಂಗಿ, ಏನೂ ಅಲ್ಲದ ಗುಲಾಬಿ ಬಣ್ಣದ ಅಂಗಿ, ಹೀಗೆ ದಿನಕ್ಕೊಂದು ತೊಡಿಸಿ ಮೆರೆಯುತ್ತಿದ್ದೆ, ನನ್ನ ಮೈಮೇಲೆ ಮಾತ್ರ ಎರಡೇ ಅಂಗಿ ಸರದಿಯ ಮೇಲೆ ಬರುತ್ತಿದ್ದವು.

ಅಕ್ಕ ಹಿರೇಹಡಗಲಿಯಲ್ಲಿ ಜಂಪರ್ ಹೊಲಿಯುತ್ತಾಳೆ. ಅವಳ ಕೆಲಸಕ್ಕೆ ಗಡಿಯಾರವಿಲ್ಲ, ಹಾಡೇ ಅಳತೆ: ಒಂದು ಜಂಪರಿಗೆ ಹುಕ್ಕು ಹಚ್ಚಲು ನಾಲ್ಕು ಹಾಡು, ಪೂರ್ತಿ ಹೊಲಿದು ಮುಗಿಸಲು ಹದಿನೆಂಟು. ಹಾಡುಗಳ ಸಾಲು ಒಂದಿಷ್ಟೂ ಅದಲುಬದಲಾಗಕೂಡದು. ನನ್ನ ಅಂಗಡಿಯ ಹಳೆಯ ಕಂಪ್ಯೂಟರನ್ನು ಅವಳಿಗೆ ಕೊಟ್ಟಾಗ ಅವಳ ಕಣ್ಣಿಗೆ ಆಗಲೇ ಸಣ್ಣ ಅಕ್ಷರ ಹತ್ತುತ್ತಿರಲಿಲ್ಲ. ಅಂಗೈಯಷ್ಟು ದೊಡ್ಡ ಬಟನ್ನುಗಳಿರುವ ಅಂಗಿ ಬೇಕು, ಬಣ್ಣ ಇಂಥದ್ದೇ ಇರಬೇಕು ಎಂದು ಹೇಳಿ ಈ ಮಖಮಲ್ಲಿನ ತುಂಡನ್ನು ನನ್ನ ಮೇಜಿನ ಮೇಲಿಟ್ಟು ಹೋದಳು.

ನಾಲ್ಕು ಮಧ್ಯಾಹ್ನ ಕೂತು ಪರದೆಯ ಮೇಲೆ ಚುಕ್ಕಿ ಚುಕ್ಕಿ ಸೇರಿಸಿ ಆ ಅಂಗಿ ಬರೆದೆ. ಅಕ್ಕ ನೋಡಿದವಳೇ ಇದು ಒಗೆದೂ ಒಗೆದೂ ಬಿಳಚಿದ ಬಣ್ಣ ಎಂದಳು. ನಾನು ಬಟ್ಟೆಯನ್ನು ತಲೆಕೆಳಗಾಗಿ ಹಿಡಿದು ಬಣ್ಣ ಕೂಡಿಸಿದ್ದೆ. ಮಖಮಲ್ಲಿನ ನವಿರು ಒಂದೇ ದಿಕ್ಕಿಗೆ ಮಲಗಿರುತ್ತದಂತೆ, ಅದು ಮೇಲ್ಮುಖವಾದರೆ ಬಣ್ಣ ಗಾಢ, ಕೆಳಮುಖವಾದರೆ ಪೇಲವ. ಇಷ್ಟು ತಿಳಿಯದವನು ಇಡೀ ಬೊಮ್ಮನಹಳ್ಳಿಗೆ ಹಾಡು ಹೇಗೆ ಹಂಚುತ್ತಾನೆಂದು ಬೈದಳು. ಮತ್ತೆ ನಾಲ್ಕು ಮಧ್ಯಾಹ್ನ ಹೋದವು.

ಆಮೇಲೆ ಎಲ್ಲರ ಮನೆಯಲ್ಲಿ ಆದದ್ದೇ ನಮ್ಮಲ್ಲೂ ಆಯಿತು. ಕಂಪ್ಯೂಟರು ಕೆಟ್ಟು ನನ್ನ ಅಟ್ಟ ಸೇರಿತು, ಅಕ್ಕನ ಕೈಗೆ ಫೋನು ಬಂತು, ಹಾಡುಗಳು ಅದರೊಳಗೆ ಹೋದವು. ನಾನೂ ಮರೆತಿದ್ದೆ. ಹೋದ ತಿಂಗಳು ಒಂದು ಬೆಳಿಗ್ಗೆ ಅವಳ ಕರೆ ಬಂತು.

“ಹಾಡು ಹಚ್ಚೋ ಬಟನ್ ಇದ್ದಲ್ಲಿ ಇಲ್ಲೋ ತಮ್ಮಾ. ಯಾರೋ ಅಡಿಗಿಮನಿಗೆ ಬಂದು ಡಬ್ಬಿ ಎಲ್ಲಾ ಅದಲುಬದಲು ಮಾಡಿ ಹೋದಂಗ ಆಗೈತಿ. ಹಾಡು ಹಚ್ಚಾಕೂ ಇನ್ನೊಬ್ಬರನ್ನ ಕರೀಬೇಕಂದ್ರ, ನನಗ ಹೊಲಿಗೀನೂ ಬ್ಯಾಡ, ಹಾಡೂ ಬ್ಯಾಡ.”

ಅಕ್ಕ ಹಾಗೆಲ್ಲ ಬೇಡ ಎನ್ನುವವಳಲ್ಲ. ಫೋನಿಟ್ಟ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಬ್ಬರ ಅರ್ಜಿಗೆ ಇನ್ನೊಬ್ಬರ ಭಾವಚಿತ್ರ ಅಂಟಿಸಿ ಬೈಸಿಕೊಂಡೆ. ನೀವೇ ಯೋಚಿಸಿ: ನಮ್ಮನ್ನು ಒಂದು ಮಾತೂ ಕೇಳದೆ, ಅಪ್‌ಡೇಟ್ ಎಂದು ಹೇಳಿ ನಮ್ಮದೇ ಫೋನಿನ ಮುಖ ಬದಲಿಸುವ ಈ ಅಧಿಕಾರವನ್ನು ಯಾರಿಗೆ ಯಾವಾಗ ಕೊಟ್ಟೆವು? ಕೂಡ್ಲಿಗಿಯವನ ಫೋನೂ ಹರಪನಹಳ್ಳಿಯವಳ ಫೋನೂ ಈಗ ಒಂದೇ ಬಿಳುಪು, ಒಂದೇ ನುಣುಪು. ಗೆರೆಯಿಲ್ಲ, ಅಂಚಿಲ್ಲ, ಎಲ್ಲಿ ಒತ್ತಬೇಕೆಂಬ ಗುರುತಿಲ್ಲ. ಬಾಯಲ್ಲಿ ಹೇಳಿದರೆ ಸಾಕು ಎನ್ನುತ್ತಾರೆ; ಅಕ್ಕ ಬಾಯಲ್ಲಿ ಹೇಳಿದರೆ ಅದು ಹಿಂದಿಯ ಹಾಡು ಹಚ್ಚಿ, ನಡುವೆ ಸಾಬೂನು ಮಾರಲು ಬರುತ್ತದೆ. ಸಿಟ್ಟಿನ ಭರದಲ್ಲಿ ಅಟ್ಟದಿಂದ ಹಳೆಯ ಕಂಪ್ಯೂಟರು ಇಳಿಸಿದೆ.

ಎರಡು ವಾರ ಅದರ ಹಿಂದೆ ಬಿದ್ದೆ. ಅದಕ್ಕೆ ಕರೆಂಟು ಒದಗಿಸುವ ಒಳಗಿನ ಪೆಟ್ಟಿಗೆಗಾಗಿ ಕೊಟ್ಟೂರಿನ ಗುಜರಿಯವರೆಗೂ ಹೋಗಿಬಂದೆ. ಊಟದ ನಡುವೆ ಎದ್ದುಹೋಗಿ ಬಿಗಿದ ಸ್ಕ್ರೂಗಳನ್ನೇ ಮತ್ತೆ ಬಿಗಿದೆ. ಹೆಂಡತಿ ತಟ್ಟೆ ಮುಚ್ಚಿಡುವುದನ್ನೇ ಬಿಟ್ಟಳು. ಕೊನೆಗೊಂದು ದಿನ ಫ್ಯಾನು ಗೊರಗುಟ್ಟಿತು, ಪರದೆ ಬೆಳಗಿತು, ಚೆಂಡುಹೂವಿನ ಬಣ್ಣದ ಅಂಗಿ ತೊಟ್ಟ ಪ್ಲೇಯರು, ಅದರೊಳಗೆ ಅಕ್ಕನ ಹಾಡುಗಳ ಸಾಲು, ಒಂದೂ ಅಳಿಯದೆ ಎದುರು ಬಂತು. ನಾಚಿಕೆ ಯಾಕೆ, ಅತ್ತುಬಿಟ್ಟೆ. ಯಂತ್ರ ಚಾಲೂ ಆದೊಡನೆ ಪ್ಲೇಯರು ತಾನಾಗಿ ತೆರೆಯುವಂತೆ ಮಾಡಿದೆ. ಪರದೆಯ ಬಣ್ಣಕ್ಕೆ ಪಕ್ಕದಲ್ಲಿಟ್ಟು ತೋರಿಸಿ ಜಂಬ ಕೊಚ್ಚಿಕೊಳ್ಳೋಣವೆಂದು ಮಖಮಲ್ಲಿನ ತುಂಡನ್ನೂ ಜೇಬಿಗೆ ಹಾಕಿಕೊಂಡು, ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಹಿರೇಹಡಗಲಿಯ ಬಸ್ಸು ಹತ್ತಿದೆ.

ಅಕ್ಕ ಪಡಸಾಲೆಯಲ್ಲಿ ಹುಕ್ಕಿನ ಡಬ್ಬಿ ಹಿಡಿದು ಕೂತಿದ್ದಳು. ಪಕ್ಕದ ದಿಂಬಿಗೆ ದಾರ ಪೋಣಿಸಿದ ಹತ್ತು ಸೂಜಿ ಚುಚ್ಚಿದ್ದವು. ಭಾವ ಗೊಬ್ಬರದ ಅಂಗಡಿಗೆ ಹೋಗುವ ಮುನ್ನ ದಿನವೂ ಪೋಣಿಸಿಟ್ಟು ಹೋಗುತ್ತಾರಂತೆ. ಅದನ್ನು ಕಂಡೂ ನನಗೆ ಹೊಳೆಯಲಿಲ್ಲ. ಎಲ್ಲ ಜೋಡಿಸಿ, ಅಕ್ಕನನ್ನು ಪರದೆಯ ಮುಂದೆ ಕೂರಿಸಿ, ಈಗ ನೋಡು ಎಂದು ಹೇಳಿ ಪ್ಲಗ್ಗು ಹಾಕಲು ಬಗ್ಗಿದೆ.

“ಚಂದ ಐತಿ ಬಿಡು. ಮೊದಲಿನಂಗ ಐತಿ,” ಅಂದಳು ಅಕ್ಕ.

ಪ್ಲಗ್ಗು ಇನ್ನೂ ನನ್ನ ಕೈಯಲ್ಲಿತ್ತು. ಪರದೆ ಕಪ್ಪಗಿತ್ತು.

ಎಷ್ಟು ದಿನದಿಂದ ಹೀಗೆ, ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ದನಿ ಬೇಕಾದದ್ದಕ್ಕಿಂತ ಜೋರಾಯಿತು. ಬೆಳಕು ಯಾವ ಕಡೆಯಿದೆ ಎಂಬುದಷ್ಟು ತಿಳಿಯುತ್ತದೆ, ಹಡಗಲಿಯ ಡಾಕ್ಟರು ಇದ್ದದ್ದು ಉಳಿದರೆ ಪುಣ್ಯ ಎಂದಿದ್ದಾರೆ, ಎಂದಳು. “ನಿನಗ ಹೇಳಿದ್ರ ಹೊಲಿಯೋದು ಬಿಡು ಅಂತಿದ್ದಿ. ಕೈಗೆ ಇನ್ನೂ ಕಾಣತೈತಿ ನನಗ.”

ಪ್ಲಗ್ಗು ಹಾಕಿ ಕೂತೆ; ಪರದೆಯ ಮೇಲೆ ಚೆಂಡುಹೂವಿನ ಬಣ್ಣ ಬೆಳಗಿತು. ನನ್ನ ಎರಡು ವಾರದ ಚಡಪಡಿಕೆ ಅಕ್ಕನಿಗಾಗಿಯೇ ಇತ್ತೇ? ಆ ಬಣ್ಣ ಮತ್ತೆ ನೋಡಬೇಕಾಗಿದ್ದುದು ನನಗೆ. ಹರೆಯದ ಎಂಟು ಮಧ್ಯಾಹ್ನಗಳನ್ನು ಪರದೆಯ ಮೇಲೆ ವಾಪಸು ಕರೆಸಿಕೊಂಡು ಖುಷಿಪಟ್ಟವನು ನಾನು. ಅವಳು ಕೇಳಿದ್ದು ಒಂದೇ, ಯಾರನ್ನೂ ಕರೆಯದೆ ಹಾಡು ಹಚ್ಚುವುದು. ಹಾಗೆ ಕೂತಾಗ ಎಂದೋ ಮರೆತದ್ದೊಂದು ನೆನಪಾಯಿತು: ಆ ಪ್ಲೇಯರಿಗೆ ಮೌಸು ಬೇಕೇ ಇರಲಿಲ್ಲ, ಕೀಲಿಮಣೆಯ ಅಕ್ಷರಗಳ ಕೆಳಸಾಲಿನ ಐದು ಕೀಲಿಗಳಲ್ಲಿ ಅದರ ಸಂಸಾರವೆಲ್ಲ ನಡೆಯುತ್ತಿತ್ತು. ಅಂಗಿಯ ಚಂದಕ್ಕೆ ಮರುಳಾದವನಿಗೆ ಆ ಕೀಲಿಗಳ ಗೊಡವೆಯೇ ಇರಲಿಲ್ಲ.

ಪಕ್ಕದ ಅಂಗಡಿಯಿಂದ ಗಮ್ಮು ತಂದೆ. ಹಾಡು ನಿಲ್ಲಿಸುವ ಕೀಲಿಗೆ ಅಕ್ಕನ ಬುಟ್ಟಿಯಿಂದ ಒರಟು ಬಕ್ರಮ್ಮು ಬಟ್ಟೆಯ ಚೂರು ಕತ್ತರಿಸಿ ಅಂಟಿಸಿದೆ. ಹಾಡು ಹಚ್ಚುವ ಕೀಲಿಗೆ ನುಣುಪಾದದ್ದೇನಾದರೂ ಬೇಕಿತ್ತು. ಜೇಬಿನಿಂದ ಮಖಮಲ್ಲು ತೆಗೆದು, ಬೆರಳ ತುದಿಯಷ್ಟು ಕತ್ತರಿಸಿ ಅಂಟಿಸಿ, ಅಕ್ಕನ ತೋರುಬೆರಳನ್ನು ಹಿಡಿದು ಅದರ ಮೇಲಿಟ್ಟೆ.

ಒತ್ತಿದಳು. ಹಾಡು ಬಂತು, ಸಾಲಿನ ಮೊದಲನೆಯದೇ. ಅವಳು ಬೆರಳು ತೆಗೆಯಲಿಲ್ಲ. ಆ ಚೂರಿನ ಮೇಲೆ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಸವರಿದಳು.

“ಮತ್ತ ಉಲ್ಟಾ ಹಚ್ಚೀಯಲ್ಲೋ,” ಅಂದಳು.

ಕಿತ್ತು ಸರಿಮಾಡಲು ಕೈ ಚಾಚಿದೆ. ಅಕ್ಕ ಕೀಲಿಯ ಮೇಲೆ ಅಂಗೈ ಮುಚ್ಚಿದಳು.

“ಇರ್ಲಿ ಬಿಡು, ಕೀಳಬ್ಯಾಡ. ಉಲ್ಟಾ ಇದ್ರ ನೀ ಮಾಡಿದ್ದು ಅಂತ ದಿನಾ ಗೊತ್ತಾಗತೈತಿ.”

ಆಮೇಲೆ ಜಂಪರು, ಹುಕ್ಕಿನ ಡಬ್ಬಿ ಹತ್ತಿರಕ್ಕೆಳೆದುಕೊಂಡು, ದಿಂಬಿನಿಂದ ಒಂದು ಸೂಜಿ ಕಿತ್ತುಕೊಂಡಳು. ಬಸ್ಸಿಗೆ ಹೊತ್ತಾಯಿತೆಂಬುದು ಗೊತ್ತಿದ್ದೂ ನಾನು ಏಳದೆ ಅವಳ ಬೆರಳುಗಳನ್ನೇ ನೋಡುತ್ತ ಕೂತೆ. ನಾಲ್ಕನೆಯ ಹಾಡು ಮುಗಿಯುವುದಕ್ಕೂ ಅಕ್ಕ ಕೊನೆಯ ಹುಕ್ಕಿನ ದಾರವನ್ನು ಹಲ್ಲಿನಿಂದ ಕಡಿಯುವುದಕ್ಕೂ ಸರಿಹೋಯಿತು.