ಅಮ್ಮನಿಗೆ ಬಾಯಿ ಕಾಣಬೇಕು

ನಮ್ಮ ಮನೆಯಲ್ಲಿ ಮಾತಿಗೆ ಧ್ವನಿ ಬಳಸುವ ಪದ್ಧತಿ ಇರಲಿಲ್ಲ. ಹಲಸೂರಿನ ಓಣಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಅಪ್ಪ, ಅಮ್ಮ, ನಾನು. ಅಪ್ಪನಿಗೆ ಕೆ.ಆರ್. ಪುರಂ ಕಡೆಯ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಅಮ್ಮನಿಗೆ ನಾನು ಹುಟ್ಟಿದ ಹೊಸದರಲ್ಲಿ ಬಂದ ಜ್ವರದಲ್ಲಿ ಎರಡೂ ಕಿವಿ ಹೋಗಿತ್ತು. ಧ್ವನಿ ತೆಗೆದರೆ ಅಪ್ಪನ ನಿದ್ದೆ ಕೆಡುತ್ತಿತ್ತು, ತೆಗೆಯದಿದ್ದರೆ ಅಮ್ಮನಿಗೇನೂ ನಷ್ಟವಿರಲಿಲ್ಲ. ಎದುರಿಗೆ ನಿಂತು ತುಟಿ ಆಡಿಸಿದರೆ ಅವಳು ಓದಿಕೊಳ್ಳುತ್ತಿದ್ದಳು. ಶಾಲೆಯ ಮೊದಲ ದಿನ ಟೀಚರ್ ಹೆಸರು ಕೇಳಿದಾಗ ನಾನು ಬರೀ ತುಟಿ ಆಡಿಸಿದ್ದಕ್ಕೆ, ಮೂಗಿಯೇನೋ ಎಂದು ಅವರು ಗಾಬರಿಯಾಗಿದ್ದರಂತೆ.

ಅಪ್ಪ ನಿವೃತ್ತನಾದ ಮೇಲೂ ಅಭ್ಯಾಸ ಹೋಗಲಿಲ್ಲ. ಹೊರಗೆ ಅವನದು ಓಣಿಗೆಲ್ಲ ಕೇಳುವ ಗಂಟಲು. ಅಮ್ಮನ ಕಡೆ ತಿರುಗಿದ ಕೂಡಲೇ ಆ ಗಂಟಲು ತಾನಾಗಿ ನಿಂತುಹೋಗುತ್ತಿತ್ತು. ಅವರ ಜಗಳವೂ ಹಾಗೆಯೇ, ಕೈ ಕಣ್ಣು ತುಟಿ ಎಲ್ಲ ಕುಣಿಯುತ್ತಿದ್ದರೂ ಸದ್ದಿಲ್ಲ. "ನಿಮ್ಮನೇಲಿ ಗಂಡ ಹೆಂಡ್ತಿ ಒಂದ್ಮಾತು ಆಡಿದ್ದು ಕೇಳಿಲ್ಲಪ್ಪ, ಪುಣ್ಯ ಮಾಡಿದ್ದೀರಿ" ಎಂದು ಪಕ್ಕದ ಮನೆಯಾಕೆ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಹಿಂದಿನ ಸಂಜೆಯಷ್ಟೇ ಅವರಿಬ್ಬರೂ ಒಂದು ಕುಕ್ಕರ್ ವಿಚಾರಕ್ಕೆ ಪರಸ್ಪರರ ವಂಶವನ್ನೇ ಜಾಲಾಡಿದ್ದರು.

ಅಮ್ಮ ಕನ್ನಡ, ತಮಿಳು, ದಖನಿ ಉರ್ದು, ಮೂರೂ ಓದುತ್ತಾಳೆ, ತುಟಿಯ ಮೇಲೆ. ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಚೌಕಾಸಿ ಮಾಡಿದ್ದಾಳೆ, ಅವಳಿಗೆ ಕಿವಿ ಕೇಳಿಸುವುದಿಲ್ಲವೆಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಾಕೆ ಮುಚ್ಚಿಡುತ್ತೀಯ ಎಂದರೆ, "ಗೊತ್ತಾದ್ರೆ ಕೊಳೆತ ಟೊಮೇಟೊ ತಲೆಗೆ ಕಟ್ತಾರೆ" ಎನ್ನುತ್ತಿದ್ದಳು.

ಬರೆದು ತೋರಿಸಬಹುದಿತ್ತಲ್ಲ ಎಂದು ಈಗ ಎಲ್ಲರೂ ಕೇಳುತ್ತಾರೆ. ಆಗ ನಮಗೇನು ತೋಚದೆ ಹೋಗಿತ್ತೇ? ಅಮ್ಮ ತಮಿಳು ಶಾಲೆಯಲ್ಲಿ ಮೂರು ಕ್ಲಾಸು ಓದಿದವಳು. ಅಪ್ಪನಿಗೂ ನನಗೂ ಬರುವುದು ಕನ್ನಡ ಅಕ್ಷರ. ಮನೆಮಾತು ಕನ್ನಡವೇ ಆದರೂ ಅವಳು ಓದುವ ಲಿಪಿಯಲ್ಲಿ ನಮಗೆ ಬರೆಯಲು ಬರದು, ನಾವು ಬರೆಯುವ ಲಿಪಿ ಅವಳಿಗೆ ಬಸ್ಸಿನ ಬೋರ್ಡಿನಷ್ಟೇ ಗೊತ್ತು. ತುಟಿ ಇದ್ದಾಗ ಅದರ ಅಗತ್ಯವೇ ಬಿದ್ದಿರಲಿಲ್ಲ.

ಆಮೇಲೆ ಸೋಂಕು ಬಂತು, ಊರಿಗೆ ಊರೇ ಬಾಯಿ ಮುಚ್ಚಿಕೊಂಡಿತು.

ಅಪ್ಪನ ಶ್ವಾಸಕೋಶ ಫ್ಯಾಕ್ಟರಿಯ ಬಣ್ಣದ ವಿಭಾಗದಲ್ಲಿ ದುಡಿದು ದುಡಿದು ಮೊದಲೇ ಸೋತಿತ್ತು. ನೋಡುತ್ತಿದ್ದ ಡಾಕ್ಟರು ನನಗೆ ಖಡಾಖಂಡಿತವಾಗಿ ಹೇಳಿಬಿಟ್ಟರು: "ಇವರಿಗೆ ಬಂದ್ರೆ ಕಷ್ಟಾಮ್ಮ. ನೀನು ಹೊರಗಡೆ ಓಡಾಡೋಳು, ಮನೆಯೊಳಗೂ ಮಾಸ್ಕ್ ತೆಗೀಬೇಡ." ನಾನು ಇಂದಿರಾನಗರದ ಒಂದು ಮೆಡಿಕಲ್ ಶಾಪಿನಲ್ಲಿ ಕೌಂಟರಿನ ಹಿಂದೆ ನಿಲ್ಲುವವಳು. ದಿನವಿಡೀ ಕೆಮ್ಮುವವರ ಮುಂದೆಯೇ ನನ್ನ ಅನ್ನ. ಹಾಗಾಗಿ ತೆಗೆಯಲಿಲ್ಲ. ಮನೆಗೆ ಬಂದು ಮಾಸ್ಕ್ ಹಾಕಿಕೊಂಡೇ ಅಮ್ಮನ ಎದುರು ನಿಂತರೆ ಅವಳು ನನ್ನ ಹಣೆ, ಕಣ್ಣು, ಮತ್ತೆ ಹಣೆ ನೋಡುತ್ತಿದ್ದಳು. ಅನ್ನ ಬೇಕು, ಬೇಡ, ಸ್ನಾನ, ನಿದ್ದೆ, ಇಷ್ಟನ್ನು ಕೈಸನ್ನೆಯಲ್ಲಿ ಹೇಳುತ್ತಿದ್ದೆ. ಇಷ್ಟರಲ್ಲಿ ಒಂದು ಸಂಸಾರ ನಡೆಯುತ್ತದೆಯೇ? ಅಪ್ಪ ಬದುಕಲು ನಾನು ಬಾಯಿ ಮುಚ್ಚಬೇಕು, ಅಮ್ಮ ಬದುಕಲು ಬಾಯಿ ತೆರೆಯಬೇಕು. ನನಗಿದ್ದದ್ದು ಒಂದೇ ಬಾಯಿ.

ಕೊನೆಗೆ ದಾರಿ ಹುಡುಕಿದವಳು ಅಮ್ಮನೇ. ಬೀದಿ ಕಡೆಯ ಕಿಟಕಿಯ ಗಾಜು ಮುಚ್ಚಿ ಒಳಗೆ ನಿಂತಳು, ನನ್ನನ್ನು ಹೊರಗೆ ನಿಲ್ಲಿಸಿದಳು, ಮಾಸ್ಕ್ ಇಳಿಸು ಎಂದು ಸನ್ನೆ ಮಾಡಿದಳು. ಗಾಜಿನಾಚೆಯಿಂದ ಧ್ವನಿ ಕೇಳುವುದಿಲ್ಲ, ಆದರೆ ನಮಗೆ ಧ್ವನಿ ಬೇಕಿದ್ದು ಯಾವಾಗ! ಪ್ರತಿ ಸಂಜೆ ಕೆಲಸದಿಂದ ಬಂದು, ಒಳಗೆ ಕಾಲಿಡುವ ಮುಂಚೆ, ಆ ಕಿಟಕಿಯ ಹೊರಗೆ ನಿಂತು ಮಾತಾಡುತ್ತಿದ್ದೆ. ಅಂಗಡಿಗೆ ಯಾರು ಬಂದರು, ಯಾರು ನನ್ನ ತಲೆ ತಿಂದರು, ಎಲ್ಲ. ಉತ್ಸಾಹದಲ್ಲಿ ಹತ್ತಿರ ಹೋದರೆ ನನ್ನ ಉಸಿರು ಗಾಜಿಗೆ ಮಂಜಾಗಿ ಕೂರುತ್ತಿತ್ತು. ಅಮ್ಮ ಒಳಗಿಂದ ಗಾಜು ತಟ್ಟುತ್ತಿದ್ದಳು, ನಾನು ಅಂಗೈಯಿಂದ ಒರೆಸಿ ಮುಂದುವರಿಸುತ್ತಿದ್ದೆ. ಹಿಂದೆ ಮಂಚದ ಮೇಲೆ ಕೂತ ಅಪ್ಪ ನಮ್ಮಿಬ್ಬರನ್ನೂ ನೋಡಿ ನಗುತ್ತಿದ್ದ.

ಓಣಿಯವರಿಗೆ ಕಂಡದ್ದು ಬೇರೆ. "ಮೆಡಿಕಲ್ ಶಾಪಲ್ಲಿ ಕೆಲಸ ಮಾಡೋಳೇ ಬೀದೀಲಿ ಮಾಸ್ಕ್ ತೆಗ್ದು ನಿಂತ್ಕೊಂಡು ಒಬ್ಳೇ ಬಾಯಾಡಿಸ್ತಾಳೆ" ಎಂದು ಮಾತಾಯಿತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅಂಗಡಿಯಲ್ಲಿ ದಿನವಿಡೀ ಮಾಸ್ಕ್ ಪರವಾಗಿ ಗಂಟಲು ಹರಿದುಕೊಂಡು ಬಂದವಳಿಗೆ ಸಂಜೆ ಈ ಬಹುಮಾನ.

ಗಂಟಲು ಹರಿದುಕೊಳ್ಳುತ್ತಿದ್ದದ್ದು ನಿಜ. ನಾಯಿ ಹಿಡಿದುಕೊಂಡು ಬರುತ್ತಿದ್ದ ಒಬ್ಬ ದೊಡ್ಡ ಮನುಷ್ಯರಿದ್ದರು. ಮಾಸ್ಕ್ ಹಾಕಿಕೊಂಡರೆ ನಮ್ಮ ಕೆಟ್ಟ ಗಾಳಿ ನಮಗೇ ವಾಪಸ್ ಹೋಗುತ್ತದೆ, ಇದೆಲ್ಲ ಕಂಪನಿಗಳ ಆಟ ಎಂದು ಕೌಂಟರಿಗೆ ಒರಗಿ ಪಾಠ ಮಾಡುತ್ತಿದ್ದರು.

"ಸಾರ್, ಮೊದಲು ಮೂಗು ಮುಚ್ಕೊಳ್ಳಿ. ಆಮೇಲೆ ಮಾತ್ರೆ."

"ನನ್ನ ಮೂಗು, ನನ್ನಿಷ್ಟ ಕಣಮ್ಮ."

"ಮನೇಲಿ ನಮ್ಮಪ್ಪ ಇದ್ದಾರೆ ಸಾರ್. ಅವರದ್ದೂ ಮೂಗೇ."

ಸಾಲಿನಲ್ಲಿ ನಿಂತವರು ಅರ್ಧ ಅವರ ಕಡೆ, ಅರ್ಧ ನನ್ನ ಕಡೆ. ಮಾಸ್ಕನ್ನು ಗದ್ದಕ್ಕೆ ನೇತುಹಾಕಿಕೊಂಡಿದ್ದ ಒಬ್ಬ ಆಟೋದವನು ಮಾತ್ರ "ಬಿಡು ಗುರು, ಎಲ್ರದೂ ಸರಿ" ಎಂದು ಎರಡೂ ಕಡೆಗೆ ತಲೆಯಾಡಿಸುತ್ತಿದ್ದ. ನಾನು ಆ ಜಗಳಗಳಲ್ಲಿ ಒಂದನ್ನೂ ಸೋತವಳಲ್ಲ. ಆದರೆ ಗೆದ್ದು ಮನೆಗೆ ಬಂದಾಗ ಕಿಟಕಿಯ ಹಿಂದೆ ಅಮ್ಮ ಕಾಯುತ್ತಿರುತ್ತಿದ್ದಳು, ನಾನು ಯಾರ ಕಡೆ ವಾದ ಮಾಡಿ ಬಂದೆ ಎಂಬ ಗೊಂದಲ ನನಗೇ ಶುರುವಾಗುತ್ತಿತ್ತು.

ಮಾರ್ಕೆಟ್ ತೆರೆದ ಮೇಲೆ ಒಂದು ಭಾನುವಾರ ಅಮ್ಮ ಹಟ ಹಿಡಿದು ನನ್ನೊಡನೆ ಶಿವಾಜಿನಗರಕ್ಕೆ ಬಂದಳು. ಅವಳು ವರ್ಷಗಳಿಂದ ಸೊಪ್ಪು ಕೊಳ್ಳುತ್ತಿದ್ದ ಅಂಗಡಿಯಾತ ಮಾಸ್ಕಿನ ಹಿಂದಿನಿಂದ ಏನೋ ಹೇಳಿದ. ಅಮ್ಮ ಬೆರಳಿನಿಂದ ತನ್ನ ಗದ್ದ ಮುಟ್ಟಿ, ಕೆಳಗೆ ಎಳೆ ಎಂದು ಸನ್ನೆ ಮಾಡಿದಳು. ಅವನು ಮಾಸ್ಕಿಲ್ಲದವರಿಗೆ ದಂಡ ಹಾಕಲು ಪಕ್ಕದಲ್ಲಿ ನಿಂತ ಪಾಲಿಕೆಯ ಮಾರ್ಷಲ್ ಕಡೆ ಕಣ್ಣು ತೋರಿಸಿದ. ಅಮ್ಮ ಮತ್ತೆ ಸನ್ನೆ ಮಾಡಿದಳು, ಈ ಸಲ ತನ್ನ ಹದ ತಪ್ಪಿದ ದೊಡ್ಡ ಧ್ವನಿಯಲ್ಲಿ, "ಬಾಯಿ ತೋರ್ಸಪ್ಪ!"

ಅಷ್ಟೇ ಸಾಕಾಯಿತು. ಮಾರ್ಷಲ್ ಬಂದು, "ಏನಮ್ಮ, ವಯಸ್ಸಾಗಿದೆ, ಬುದ್ಧಿ ಬೇಡ್ವಾ? ಮಾಸ್ಕ್ ತೆಗಿ ಅಂತೀರಲ್ಲ" ಎಂದು ಗದರಿಸಿದ. ಚೀಲ ಹಿಡಿದ ಒಬ್ಬ, "ಆಯಮ್ಮ ಹೇಳೋದ್ರಲ್ಲಿ ತಪ್ಪೇನಿದೆ? ನಾವೂ ಅದೇ ಹೇಳ್ತಿರೋದು" ಎಂದು ನುಗ್ಗಿದ. ಇನ್ನೊಬ್ಬಾಕೆ ತಮಿಳಿನಲ್ಲಿ ಅವನಿಗೆ ಉಗಿದಳು. ಕ್ಷಣದಲ್ಲಿ ಹತ್ತಾರು ಜನ ಸೇರಿ ಮಾಸ್ಕ್ ಬೇಕೇ ಬೇಡವೇ ಎಂದು ಕೈ ಬೀಸತೊಡಗಿದರು. ನಡುವೆ ಅಮ್ಮ. ಎಲ್ಲರೂ ಅವಳನ್ನೇ ತೋರಿಸಿ ಮಾತಾಡುತ್ತಿದ್ದಾರೆ, ಒಬ್ಬರ ಬಾಯಿಯೂ ಕಾಣುತ್ತಿಲ್ಲ. ಅವಳು ಒಂದೊಂದೇ ಬಟ್ಟೆಯ ತುಂಡನ್ನು ನೋಡುತ್ತಾ ತಿರುಗುತ್ತಿದ್ದಳು. ತಾನು ಏನು ತಪ್ಪು ಮಾಡಿದೆ ಎಂದು ನನ್ನ ಮುಖ ನೋಡಿದಳು, ನನಗೂ ಮಾಸ್ಕ್ ಇತ್ತು.

"ಅವರಿಗೆ ಕಿವಿ ಕೇಳ್ಸಲ್ಲ!" ಎಂದು ನಾನು ಕೂಗಿದೆ. ಜಗಳ ನಿಂತಿತು. ಸೊಪ್ಪಿನಾತ, "ಯಾ ಅಲ್ಲಾ, ಇಷ್ಟು ವರ್ಷ ನಂಗೆ ಗೊತ್ತೇ ಇಲ್ಲ ಅಮ್ಮಾ" ಎಂದು ಎರಡು ಕಟ್ಟು ಜಾಸ್ತಿ ಹಾಕಿದ. ಅಮ್ಮನಿಗೆ ಆ ಜಾಸ್ತಿ ಕಟ್ಟಿನಿಂದಲೇ ವಿಷಯ ತಿಳಿಯಿತು. ದಾರಿಯುದ್ದಕ್ಕೂ ನನ್ನ ಕಡೆ ತಿರುಗಲಿಲ್ಲ. ಆಮೇಲೆ ಅವಳು ಆ ಮಾರ್ಕೆಟ್ಟಿಗೆ ಹೋಗಲೂ ಇಲ್ಲ.

ಮುಂದಿನ ವರ್ಷದ ಅಲೆಯಲ್ಲಿ ಅಪ್ಪನಿಗೆ ಬಂತು. ಎಲ್ಲಿಂದ ಬಂತೋ ತಿಳಿಯದು. ನನ್ನಿಂದಲೋ, ಹಾಲಿನವನಿಂದಲೋ, ನಲ್ಲಿ ರಿಪೇರಿಗೆ ಬಂದವನಿಂದಲೋ. ತಿಳಿದರೂ ಮಾಡುವುದೇನಿತ್ತು. ಸಿ.ವಿ. ರಾಮನ್ ನಗರದ ಕಡೆ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು, ಸಿಕ್ಕಿದ್ದೇ ದೊಡ್ಡದು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಸಂಜೆ ಒಬ್ಬ ನರ್ಸ್ ಬಿಡುವಾದರೆ ತನ್ನ ಫೋನಿನಲ್ಲಿ ವಿಡಿಯೋ ಕರೆ ಮಾಡಿಸುತ್ತಿದ್ದಳು, ಒಳ್ಳೆಯ ಹುಡುಗಿ.

ಮೊದಲೆರಡು ದಿನ ಕರೆ ಬರಲಿಲ್ಲ. ಮೂರನೆಯ ಸಂಜೆ ಬಂತು. ಅಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ಅಪ್ಪನ ಮುಖ, ಮೂಗು ಬಾಯಿ ಮುಚ್ಚಿದ ಆಕ್ಸಿಜನ್ ಮಾಸ್ಕ್. ಪಾರದರ್ಶಕವೇ, ಆದರೆ ಒಳಗೆಲ್ಲ ಉಸಿರಿನ ಮಂಜು. ಅಪ್ಪ ಅಮ್ಮನನ್ನು ಕಂಡ. ಕಣ್ಣು ಅರಳಿತು. ಗದ್ದ ಆಡತೊಡಗಿತು. ಅವನು ಮಾತಾಡುತ್ತಿದ್ದ.

ಅಮ್ಮ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದಳು, ದೂರ ಹಿಡಿದಳು, ಓರೆ ಮಾಡಿದಳು. ಪರದೆಯನ್ನು ಸೆರಗಿನಿಂದ ಒರೆಸಿದಳು, ಮಂಜು ಅಲ್ಲಿ ಇದ್ದರೆ ತಾನೇ. "ಕಾಣ್ತಿಲ್ಲ! ಬಾಯಿ ಕಾಣ್ತಿಲ್ಲ!" ಎಂದು ಓಣಿಗೆ ಕೇಳುವಂತೆ ಕೂಗಿದಳು.

ನಾನು ಮಧ್ಯೆ ತಲೆ ತೂರಿಸಿ, "ಸಿಸ್ಟರ್, ಅಪ್ಪ ಏನ್ ಹೇಳ್ತಿದ್ದಾರೆ? ಸ್ವಲ್ಪ ಕಿವಿ ಇಟ್ಟು ಕೇಳಿ" ಎಂದೆ.

ಅವಳು ಬಗ್ಗಿದ್ದು ಕಂಡಿತು. "ಸೌಂಡೇ ಬರ್ತಿಲ್ಲ ಮೇಡಂ. ಬರೀ ಬಾಯಿ ಆಡಿಸ್ತಿದ್ದಾರೆ. ಮಧ್ಯಾಹ್ನ ನನ್ ಹತ್ರ ಬಿಸಿನೀರು ಕೇಳಿದ್ರು, ಚೆನ್ನಾಗೇ ಕೇಳಿಸ್ತು. ಈಗ ಯಾಕೋ..."

ನನಗೆ ಯಾಕೆಂದು ಗೊತ್ತಿತ್ತು. ಎದುರಿಗೆ ಅಮ್ಮ ಇದ್ದಳು.

"ಅಪ್ಪಾ! ಧ್ವನಿ ತೆಗ್ದು ಹೇಳಪ್ಪಾ! ಸಿಸ್ಟರ್ ಕೇಳಿಸ್ಕೋತಾರೆ!" ಎಂದು ಕಿರುಚಿದೆ. ಆ ವಾರ್ಡಿನ ಗದ್ದಲದಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ. ಅವನು ನನ್ನ ಕಡೆ ನೋಡಲೇ ಇಲ್ಲ. ಅಮ್ಮನನ್ನೇ ನೋಡುತ್ತಾ, ನಿಧಾನವಾಗಿ, ಅವಳಿಗೆ ಸರಿಯಾಗಿ ತಿಳಿಯಲೆಂದು ಬಿಡಿಸಿ ಬಿಡಿಸಿ, ಸದ್ದಿಲ್ಲದೆ ಹೇಳುತ್ತಲೇ ಇದ್ದ.

"ಸಿಸ್ಟರ್, ದಮ್ಮಯ್ಯ, ಒಂದೇ ಒಂದು ನಿಮಿಷ ಮಾಸ್ಕ್ ತೆಗೀರಿ." ಈ ಮಾತು ಬಂದದ್ದು ನನ್ನ ಬಾಯಿಂದಲೇ, ಒಂದು ವರ್ಷ ಕೌಂಟರಿನಲ್ಲಿ ಊರಿಗೆಲ್ಲ ಮಾಸ್ಕ್ ಪಾಠ ಮಾಡಿದ ಬಾಯಿಂದ.

"ತೆಗ್ದ್ರೆ ಆಕ್ಸಿಜನ್ ಇಳ್ದೋಗುತ್ತೆ ಮೇಡಂ. ಆಗಲ್ಲ" ಎಂದಳು. ಅವಳು ಹೇಳಿದ್ದು ಸರಿ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅಷ್ಟರಲ್ಲಿ ಆಚೆ ಹಾಸಿಗೆಯಿಂದ ಯಾರೋ ಕರೆದರು, ಫೋನು ಚಾವಣಿ ತೋರಿಸಿತು, ಕರೆ ನಿಂತಿತು.

ಮರುದಿನ ಬೆಳಗ್ಗೆ ಆಸ್ಪತ್ರೆಯಿಂದ ಫೋನ್ ಬಂದಾಗ ಅಮ್ಮ ನನ್ನ ಎದುರಿಗೇ ಇದ್ದಳು. ಮಾಸ್ಕ್ ಇಳಿಸಿ ಹೇಳಿದೆ. ಇನ್ನು ಮನೆಯೊಳಗೆ ಯಾರಿಗಾಗಿ ಹಾಕಿಕೊಳ್ಳಬೇಕಿತ್ತು? ಎಷ್ಟೋ ತಿಂಗಳ ಮೇಲೆ ಅವಳು ಗಾಜಿಲ್ಲದೆ ನನ್ನ ಬಾಯಿ ನೋಡಿ ಓದಿದ ಮೊದಲ ಮಾತು ಅದು.

ಮೊನ್ನೆ ಹೊರಮಾವಿನಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಹಳೆಯ ಚರ್ಚೆ ಎದ್ದಿತು. ಮಾಸ್ಕಿನಿಂದ ಮೂರುಕಾಸಿನ ಉಪಯೋಗವಾಗಲಿಲ್ಲ ಎಂದು ಒಬ್ಬರು, ಹಾಕಿದ್ದಕ್ಕೇ ನಾವೆಲ್ಲ ಇಲ್ಲಿ ಹೋಳಿಗೆ ತಿನ್ನುತ್ತಿದ್ದೇವೆ ಎಂದು ಇನ್ನೊಬ್ಬರು. ನಾನು ಬಾಯಿ ಹಾಕಲಿಲ್ಲ. ಮಾಸ್ಕ್ ಬೇಕಿತ್ತು ಎಂದೇ ಈಗಲೂ ನಂಬಿದ್ದೇನೆ. ಆದರೆ ಅದನ್ನು ಹೇಳಲು ಹೊರಟರೆ ನನಗೆ ಅಳು ಬರುತ್ತದೆ. ಅಮ್ಮ ಒಬ್ಬೊಬ್ಬರ ತುಟಿಯನ್ನೂ ಓದುತ್ತಾ, ಎಲ್ಲವನ್ನೂ ತಿಳಿದುಕೊಳ್ಳುತ್ತಾ, ಎಲೆ ಮುಂದೆ ಕೂತಿದ್ದಳು.

ಮನೆಗೆ ಬಂದಾಗ ಸಂಜೆಯಾಗಿತ್ತು. ನನ್ನನ್ನು ಬೀದಿಯಲ್ಲೇ ನಿಲ್ಲಿಸಿ ತಾನು ಒಳಗೆ ಹೋಗಿ ಕಿಟಕಿಯ ಗಾಜು ಮುಚ್ಚಿದಳು. ಇದು ನಮ್ಮಲ್ಲಿ ಆಗಾಗ ನಡೆಯುತ್ತದೆ, ಓಣಿಯವರು ಈಗ ಏನೂ ಅನ್ನುವುದಿಲ್ಲ. ನಾನು ಗಾಜಿಗೆ ಹತ್ತಿರ ಹೋಗಿ ಉಸಿರು ಊದಿದೆ. ಮಂಜು ಕೂತಿತು. ಅದರ ಹಿಂದೆ ಬಾಯಿ ಇಟ್ಟು, ಸದ್ದಿಲ್ಲದೆ, ಬಿಡಿಸಿ ಬಿಡಿಸಿ ಹೇಳಿದೆ: ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ ಕಣ್ಣು ಕಿರಿದು ಮಾಡಿ ನನ್ನ ಗದ್ದ ಆಡುವುದನ್ನೇ ನೋಡಿದಳು. ಇದಲ್ಲ ಎಂದು ತಲೆಯಾಡಿಸಿದಳು.

ಮತ್ತೆ ಊದಿದೆ. ನಾನು ಬೇಗ ಬರ್ತೀನಿ.

ಇದಲ್ಲ.

ಹೆದರ್ಕೋಬೇಡ. ಮಗಳನ್ನ ನೋಡ್ಕೋ. ಕುಕ್ಕರ್ ವಿಷ್ಯಕ್ಕೆ ಬೈದಿದ್ದು ಮನಸ್ಸಲ್ಲಿ ಇಟ್ಕೋಬೇಡ.

ಒಂದೂ ಅಲ್ಲ. ಅಪ್ಪ ಹೇಳಬಹುದಾಗಿದ್ದ ಮಾತುಗಳು ನನ್ನಲ್ಲಿ ಮುಗಿದುಹೋಗಿ ಎಷ್ಟೋ ಕಾಲವಾಯಿತು, ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದೇನೆ, ಅದು ಅವಳಿಗೂ ಗೊತ್ತು. ಆದರೂ ಅವಳು ಒಳಗಿಂದ ಗಾಜು ತಟ್ಟಿದಳು. ಅಂಗೈಯಿಂದ ಒರೆಸಿದೆ. ಗಾಜಿನಾಚೆ ಅವಳ ತುಟಿ ಸ್ಪಷ್ಟವಾಗಿ ಕಂಡಿತು.

"ಇನ್ನೊಂದು ಹೇಳು."