ಸ್ಲೇಟಿನ ಬಲಗಡೆ

ನಮ್ಮ ಮೇಷ್ಟರ ಬಲಗಿವಿಯ ಮೇಲ್ತುದಿ ಮುಂದಕ್ಕೆ ಬಾಗಿತ್ತು. ಇಪ್ಪತ್ತು ವರ್ಷ ಅದರ ಹಿಂದೆ ಬಳಪದ ತುಂಡು ಸಿಕ್ಕಿಸಿಕೊಂಡು ಓಡಾಡಿದ ಫಲ. ಅಲ್ಲಿನ ಕೂದಲು ಮಾತ್ರ ಬೆಳ್ಳಗಿತ್ತು. ಅದು ನರೆಯೋ ಬಳಪದ ಪುಡಿಯೋ ಎಂದು ನಾವು ಹುಡುಗರು ಪಂದ್ಯ ಕಟ್ಟುತ್ತಿದ್ದೆವು. ಹಿಂದಿನ ಸಾಲಿನಲ್ಲಿ ಯಾರಾದರೂ ಉತ್ತರವನ್ನು ಗೊಣಗಿದರೆ ಆ ಕಿವಿಯನ್ನೇ ತಂದು ಅವರ ಬಾಯಿಗೆ ಕೊಟ್ಟು, “ಇನ್ನೊಂದ್ ಸಲ ಅನ್ಲಾ, ಇದಕ್ಕೆ ಸುಣ್ಣ ಮೆತ್ಕೊಂಡದೆ” ಎನ್ನುತ್ತಿದ್ದರು.

ನಮ್ಮೂರು ಬೇತಮಂಗಲದ ದಾರಿಯಲ್ಲಿತ್ತು. ಗಾಳಿ ಈ ಕಡೆ ತಿರುಗಿದರೆ ಮೈಸೂರು ಮೈನ್ಸಿನ ಚಿನ್ನದ ಗಣಿಯಲ್ಲಿ ಪಾಳಿ ಬದಲಾಗುವ ಸೈರನ್ನಿನ ಕೂಗು ಕೇಳಿಸುತ್ತಿತ್ತು. ಶಾಲೆಗೆ ಒಂದೇ ಕೋಣೆ, ಒಬ್ಬರೇ ಮೇಷ್ಟರು, ಮೂರು ಕ್ಲಾಸು. ಅರ್ಧ ಮಕ್ಕಳ ಅಪ್ಪಂದಿರು ರಾಗಿ ಹೊಲದಲ್ಲಿ, ಮಿಕ್ಕವರ ಅಪ್ಪಂದಿರು ಗಣಿಯೊಳಗೆ. ಮೇಷ್ಟರು ಲೋಯರ್ ಸೆಕೆಂಡರಿ ಪಾಸು ಮಾಡಿದವರು, ಅಷ್ಟೆ. ಪದ್ಯ ಹೇಳಿಕೊಡುವಾಗ ಮಕ್ಕಳಿಗಿಂತ ಮೊದಲು ಅವರಿಗೇ ಆಕಳಿಕೆ ಬರುತ್ತಿತ್ತು. ಸಿಟ್ಟು ಬಂದರೆ ತೊಡೆ ಚಿವುಟುತ್ತಿದ್ದರು, ಗುರುತು ಎರಡು ದಿನ ಇರುತ್ತಿತ್ತು. ಅವರನ್ನು ದೇವರು ಮಾಡಿ ಕೂರಿಸಲು ನಾನು ಇದನ್ನು ಬರೆಯುತ್ತಿಲ್ಲ. ದೇವರ ವಿಷಯದಲ್ಲೇ ನನಗೆ ತಕರಾರಿದೆ. ಆದರೆ ಕಥೆಯ ಲೆಕ್ಕ ಹೇಳಿಕೊಡುವುದರಲ್ಲಿ ಅವರ ಸಮಾನರನ್ನು ನಾನು ಆಮೇಲೆ ಕಂಡಿಲ್ಲ, ಕಾಲೇಜಿನಲ್ಲೂ.

ಬರೀ ಅಂಕಿ ಕೊಡದೆ ಇಷ್ಟು ಜನ, ಇಷ್ಟು ಹಣ್ಣು, ತಲೆಗೆ ಎಷ್ಟು ಎಂದು ಮಾತಿನಲ್ಲಿ ಕೇಳುವ ಲೆಕ್ಕಕ್ಕೆ ನಾವು ಕಥೆಯ ಲೆಕ್ಕ ಎನ್ನುತ್ತಿದ್ದೆವು. ಪುಸ್ತಕದಲ್ಲಿ ಒಬ್ಬ ತಾಯಿ ಮೂರು ಮಕ್ಕಳಿಗೆ ಹನ್ನೆರಡು ಸೇಬು ಹಂಚುತ್ತಿದ್ದಳು. “ಸೇಬು ನೋಡಿರೋರು ಕೈ ಎತ್ರಪ್ಪ” ಎಂದರು ಮೇಷ್ಟರು. ಯಾರೂ ಎತ್ತಲಿಲ್ಲ. “ನಾನೂ ನೋಡಿಲ್ಲ. ಮುದ್ದೆ ಅನ್ಕೊಳ್ಳಿ.” ನಾನು ಎದ್ದು ನಿಂತು, ಹನ್ನೆರಡು ಮುದ್ದೆ ಇದ್ದರೆ ಅಮ್ಮ ತನಗೂ ಒಂದು ಇಟ್ಟುಕೊಳ್ಳುವುದಿಲ್ಲವೇ ಎಂದು ಕೇಳಿದೆ. ಆಗ ನನಗೆ ಎಂಟು ವರ್ಷ. ಮೇಷ್ಟರು ನನ್ನ ಸ್ಲೇಟು ತೆಗೆದುಕೊಂಡು ನಡುವೆ ಮೊಳೆಯಿಂದ ಒಂದು ಗೆರೆ ಕೊರೆದರು. “ಎಡಗಡೆ ಪುಸ್ತಕದ ಉತ್ತರ ಬರಿ. ಅದು ಸರಿ ಬಂದ್ರೆ ಬಲಗಡೆ ನಿಮ್ಮನೇದು ಬರಿ. ಎಡಗಡೆ ತಪ್ಪಿದ್ರೆ ಬಲಗಡೇದು ನಾನು ನೋಡಾಕಿಲ್ಲ.”

ಅಂದಿನಿಂದ ಆ ಶಾಲೆಯ ಎಲ್ಲ ಸ್ಲೇಟುಗಳಿಗೂ ಗೆರೆ ಬಿತ್ತು. ಲೆಕ್ಕ ಹಿಡಿಯುವ ಮೊದಲು ಇನ್ನೊಂದು ಕಟ್ಟಳೆಯಿತ್ತು: ಅಂಕಿ ಬಿಟ್ಟು ಕಥೆ ಹೇಳಬೇಕು. ಯಾರು, ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ? ಅಷ್ಟು ಹೇಳಲಾರದವನು ಬಳಪ ಮುಟ್ಟುವಂತಿಲ್ಲ. ಬೇತಮಂಗಲದ ಕೆರೆಯಿಂದ ಗಣಿಗೆ ನೀರು ಹೋಗುವ ಕೊಳವೆ ನಮ್ಮ ಹೊಲಗಳ ಪಕ್ಕದಲ್ಲೇ ಹಾದಿತ್ತು. ಒಮ್ಮೆ ಪುಸ್ತಕದಲ್ಲಿ ಅಂಥದೇ ಕೊಳವೆಯ ಲೆಕ್ಕ ಬಂತು, ಒಂದು ಗಳಿಗೆಗೆ ಇಷ್ಟು ಕೊಡ ತುಂಬಿದರೆ ಆರು ಗಳಿಗೆಗೆ ಎಷ್ಟು ಎಂದು. ಎಡಗಡೆ ಎಲ್ಲರೂ ಸರಿಯಾಗಿ ಬರೆದೆವು. ಬಲಗಡೆ ಇಡೀ ಕ್ಲಾಸು ಸೊನ್ನೆ ಬರೆದಿತ್ತು. ಆ ಕೊಳವೆಗೆ ಕಾವಲಿನವನಿದ್ದ, ಊರಿನವರಿಗೆ ಒಂದು ಕೊಡ ಹಿಡಿಯಲೂ ಬಿಡುತ್ತಿರಲಿಲ್ಲ. ಮೇಷ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಪುಸ್ತಕ ಬರ್ದೋರು ನಮ್ಮೂರಿಗೆ ಬಂದಿಲ್ಲ. ಅದು ಅವರ ತಪ್ಪಲ್ಲ. ನಾವೇ ಅವರ ಊರಿಗೆ ಓಗಿ ಬರಬೇಕು. ಓಗಿ ಅಲ್ಲೇ ಕೂತ್ಕೊಂಡು ಬಿಡಬಾರದು ಕಣ್ಲಾ.”

ನಾನು ಹೋಗಿ ಅಲ್ಲೇ ಕೂತುಬಿಟ್ಟೆ. ಕೋಲಾರದ ಹೈಸ್ಕೂಲು, ಆಮೇಲೆ ಬೆಂಗಳೂರಿನ ಕಾಲೇಜು, ಅಲ್ಲಿಯ ಚರ್ಚಾಸಂಘ. ಯಾವ ಪಕ್ಷ ಕೊಟ್ಟರೂ ಗೆಲ್ಲುವವನು ಎಂದು ಹೆಸರು ಬಂತು. ಒಂದು ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಅಡಗಿರುವುದನ್ನು ಹುಡುಕುವುದು ನನಗೆ ಯಾರು ಕಲಿಸಿದ್ದು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ರಜಕ್ಕೆ ಊರಿಗೆ ಬಂದಿದ್ದಾಗ ಮೇಷ್ಟರೇ ಮನೆಗೆ ಬಂದರು. ಶಾಲೆಗೆ ನಾಲ್ಕನೇ ಕ್ಲಾಸು ಬೇಕೆಂದು ಅರ್ಜಿ ಹಾಕಿದ್ದರಂತೆ, ಸ್ಕೂಲ್ ಇನ್ಸ್‌ಪೆಕ್ಟರ್ ನೋಡಲು ಬರುತ್ತಾರಂತೆ. ನಮ್ಮೂರಿನಲ್ಲಿ ಮೂರು ಮುಗಿದರೆ ಹುಡುಗರು ಬೇತಮಂಗಲಕ್ಕೆ ನಡೆಯುತ್ತಿದ್ದರು. ಹೆಣ್ಣುಮಕ್ಕಳನ್ನು ಅಷ್ಟು ದೂರ ಯಾರೂ ಕಳಿಸುತ್ತಿರಲಿಲ್ಲ, ಓದು ಅಲ್ಲಿಗೇ ನಿಲ್ಲುತ್ತಿತ್ತು. ಆ ವರ್ಷ ಮೂರರಲ್ಲಿ ಮುನಿಯಮ್ಮ ಎಂಬ ಹುಡುಗಿಯಿದ್ದಳು. ಅವಳ ಅಪ್ಪ ಗಣಿಯೊಳಗೆ ಅದಿರಿನ ಬಂಡಿ ತಳ್ಳುವವನು.

“ಆ ಮಗು ತಲೆ ನಿಂದಕ್ಕಿಂತ ಚುರುಕು” ಎಂದರು ಮೇಷ್ಟರು. “ಬೇಜಾರ್ ಮಾಡ್ಕೋಬೇಡ. ನಾಕನೇದು ಬಂದ್ರೆ ಅವಳು ಉಳೀತಾಳೆ. ನೀನೂ ಬಾಪ್ಪ ಆವತ್ತು. ಇಲ್ಲಿ ಓದಿದೋನು ಬೆಂಗಳೂರು ಕಾಲೇಜಿಗೆ ಓಗವ್ನೆ ಅಂತ ತೋರಿಸ್ಬೇಕು ನಾನು.”

ಇನ್ಸ್‌ಪೆಕ್ಟರು ಬಂಗಾರಪೇಟೆ ಸ್ಟೇಷನ್ನಿನಿಂದ ಜಟಕಾದಲ್ಲಿ ಬಂದರು. ಮೇಷ್ಟರು ಮದುವೆಯ ರುಮಾಲು ಸುತ್ತಿದ್ದರು. ಅದರ ಅಂಚಿನಿಂದ ಆ ಬಾಗಿದ ಕಿವಿ ಮಾತ್ರ ಹೊರಗೆ ಚಾಚಿಕೊಂಡಿತ್ತು. ನನಗೆ ಇನ್ಸ್‌ಪೆಕ್ಟರ ಪಕ್ಕದಲ್ಲಿ ಸ್ಟೂಲು ಹಾಕಿದರು. ನಾನು ಇಂಗ್ಲಿಷಿನಲ್ಲಿ ಎರಡು ಮಾತಾಡಿದೆ, ಅವರು ಮೆಚ್ಚಿಕೊಂಡು ತಲೆಯಾಡಿಸಿದರು. ಅಲ್ಲಿಗೆ ನನ್ನ ಬುದ್ಧಿ ಅರ್ಧ ಹೋಗಿತ್ತು.

ಅವರು ಮುನಿಯಮ್ಮನನ್ನು ಎಬ್ಬಿಸಿ ಲೆಕ್ಕ ಕೊಟ್ಟರು. ಹತ್ತು ಜನ ಆಳುಗಳು ಒಂದು ಕೆಲಸವನ್ನು ಆರು ದಿನಗಳಲ್ಲಿ ಮುಗಿಸುತ್ತಾರೆ. ಐದೇ ಜನ ಇದ್ದರೆ ಎಷ್ಟು ದಿನ ಬೇಕು? ಮೂರನೇ ಕ್ಲಾಸಿಗೆ ಅದು ಹೆಚ್ಚಿನ ಲೆಕ್ಕವೇ. ಅವಳು ತುಟಿಯಲ್ಲೇ ಕಥೆ ಹೇಳಿಕೊಂಡು, ಬರೆದು, ಸ್ಲೇಟು ತಂದುಕೊಟ್ಟಳು. ಎಡಗಡೆ ಹನ್ನೆರಡು. ಬಲಗಡೆ ಆರು.

“ಇದೇನು, ಎರಡು ಉತ್ತರ? ಯಾವುದು ಸರಿ?”

“ಎರಡೂ ಸರಿ ಸಾರ್.”

ಅವರು ಮೇಷ್ಟರ ಕಡೆ ನೋಡಿದರು. ಮೇಷ್ಟರು ವಿವರಿಸಲು ಹೊರಟು, “ಅದು ಸ್ವಾಮಿ, ಪುಸ್ತಕದ್ದು ಒಂದು, ಊರಿಂದು ಒಂದು...” ಎಂದು ತಡವರಿಸಿದರು. ಇನ್ಸ್‌ಪೆಕ್ಟರು ನನ್ನತ್ತ ತಿರುಗಿದರು. “ನೀವು ಇಲ್ಲೇ ಓದಿದವರಲ್ಲವೇ? ನಿಮ್ಮ ಕಾಲದಲ್ಲೂ ಹೀಗೆಯೇ ಕಲಿಸುತ್ತಿದ್ದರೇ?”

ಕೇಳಿದ್ದು ಇಷ್ಟೇ. ಹೌದು ಎಂದು, ಎಡಗಡೆಯದು ಸರಿ ಬಂದ ಮೇಲೆಯೇ ಬಲಗಡೆ ಬರೆಯಬೇಕೆಂಬ ಕಟ್ಟಳೆಯನ್ನು ತಿಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಆ ಮನುಷ್ಯನ ಕಣ್ಣಿನಲ್ಲಿ ನಾನು ಎರಡು ಉತ್ತರದ ಶಾಲೆಯ ಸರಕಾಗಿ ಕಾಣಿಸುತ್ತೇನಲ್ಲ ಎಂಬ ನಾಚಿಕೆ ಹುಟ್ಟಿತು.

“ಇಲ್ಲ” ಎಂದೆ.

ಅಲ್ಲಿಗಾದರೂ ನಿಂತೆನೇ? ಇಲ್ಲ. ಎದ್ದು ನಿಂತೆ. ಒಂದು ಪ್ರಶ್ನೆಗೆ ಎರಡು ಸತ್ಯವಿರುವುದು ಪುರಾಣದಲ್ಲಿ, ಗಣಿತದಲ್ಲಲ್ಲ ಎಂದೆ. ಗಣಿಯ ಇಂಜಿನಿಯರು ಹಗ್ಗದ ಉದ್ದಕ್ಕೆ ಎರಡು ಉತ್ತರ ಬರೆದರೆ ಆ ಹಗ್ಗಕ್ಕೆ ತೂಗುವ ಪಂಜರದಲ್ಲಿ ಗಣಿಗೆ ಇಳಿಯುವವರ ಗತಿ ಏನು ಎಂದು ಕೈ ಬೀಸಿ ಕೇಳಿದೆ. ಇನ್ಸ್‌ಪೆಕ್ಟರು ನಕ್ಕರು. ಚಿಕ್ಕ ಮಕ್ಕಳು, ಅರ್ಥವಾಗದಿದ್ದರೂ, ಅವರು ನಕ್ಕದ್ದಕ್ಕೆ ನಕ್ಕವು. ಮುನಿಯಮ್ಮ ನನ್ನನ್ನೇ ನೋಡುತ್ತಿದ್ದಳು.

“ಏನು ಮೇಷ್ಟ್ರೇ, ಇದು ಈಚೆಗೆ ಶುರು ಮಾಡಿದ್ದೋ?”

ಮೇಷ್ಟರು ನನ್ನ ಮುಖ ನೋಡಿದರು. ಅವರ ಎಡಗಡೆಯ ಗೋಡೆಗೆ ಹಳೆಯ ಸ್ಲೇಟುಗಳ ಸಾಲು ಒರಗಿತ್ತು. ಗೆರೆಗಳು ಕಲ್ಲಿನೊಳಗೆ ಇಳಿದು ಎಷ್ಟೋ ವರ್ಷವಾಗಿತ್ತು, ಒಂದನ್ನು ಎತ್ತಿ ತೋರಿಸಿದ್ದರೆ ನನ್ನ ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ಅವರು ಕೈ ಕಟ್ಟಿಕೊಂಡೇ ನಿಂತಿದ್ದರು.

“ಹೌದು ಸ್ವಾಮಿ. ಈಚೆಗೆ.”

ನಾಲ್ಕನೇ ಕ್ಲಾಸು ಬರಲಿಲ್ಲ. ಉಪಾಧ್ಯಾಯರು ಕ್ರಮವಲ್ಲದ ಪದ್ಧತಿ ತಂದಿದ್ದಾರೆಂದು ವರದಿಯಾಯಿತೆಂದು ಆಮೇಲೆ ತಿಳಿಯಿತು. ಆ ದಿನ ಜಟಕಾ ಹೋದ ಮೇಲೆ ಮೇಷ್ಟರು ರುಮಾಲು ಬಿಚ್ಚಿ ಮಡಿಸುತ್ತಾ ನನಗೆ ಅಂದದ್ದು ಇಷ್ಟು: “ಚೆನ್ನಾಗಿ ಮಾತಾಡ್ತೀಯ ಕಣಪ್ಪ. ಕೈ ಬೀಸೋದು ಒಸಿ ಕಮ್ಮಿ ಮಾಡು.” ಅದರಲ್ಲಿ ಕೊಂಕು ಇರಬೇಕೆಂದು ನಾನು ಎಷ್ಟು ಹುಡುಕಿದರೂ ಸಿಗಲಿಲ್ಲ. ಸಿಕ್ಕಿದ್ದರೆ ನನಗೆ ಉಪಕಾರವಾಗುತ್ತಿತ್ತು.

ಮಾರನೆಯ ದಿನ ಕೊಳವೆಯ ದಾರಿಯಲ್ಲಿ ಮುನಿಯಮ್ಮ ಎದುರಾದಳು, ತಲೆಯ ಮೇಲೆ ಹುಲ್ಲಿನ ಹೊರೆ.

“ಅಣ್ಣ, ಆರು ಯಾಕೆ ತಪ್ಪು?”

ನಾನು ಗಂಟಲು ಸರಿಮಾಡಿಕೊಂಡೆ. ಜನ ಅರ್ಧವಾದರೆ ದಿನ ಎರಡರಷ್ಟು ಎಂದು ಶುರುಮಾಡಿದೆ.

“ಅದು ನಂಗೊತ್ತು, ಎಡಗಡೆ ಬರ್ದಿದ್ನಲ್ಲ” ಎಂದಳು. “ಅಪ್ಪನ ಗ್ಯಾಂಗಲ್ಲಿ ಹತ್ತು ಜನ. ಐದು ಜನಕ್ಕೆ ಜ್ವರ ಬಂತು. ಮೇಸ್ತ್ರಿ ದಿನ ಜಾಸ್ತಿ ಕೊಡ್ಲಿಲ್ಲ, ಆರೇ ದಿನಕ್ಕೆ ಮುಗಿಸ್ರೋ ಅಂದ. ಮುಗಿಸಿದ್ರು. ಅಪ್ಪ ಎರಡು ಪಾಳಿ ಮಾಡ್ಕೊಂಡು ಬಂದು, ಮುದ್ದೆ ಮುಂದೆ ಕೂತ್ಕೊಂಡೇ ನಿದ್ದೆ ಓಗ್ಬುಡ್ತಿದ್ದ. ನಾನು ನೋಡಿದ್ದೀನಿ.” ಹೊರೆ ಸರಿಮಾಡಿಕೊಂಡಳು. “ಇನ್ಸ್‌ಪೆಕ್ಟ್ರು ಯಾಕೆ ಅಂತ ಕೇಳ್ತಾರೆ ಅನ್ಕೊಂಡಿದ್ದೆ. ನೀವಾದ್ರೂ ಕೇಳ್ಬೋದಾಗಿತ್ತು.”

ನನ್ನ ಬಳಿ ಉತ್ತರವಿರಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಬೆಂಗಳೂರಿನ ರೈಲಿನಲ್ಲಿ ಕೂತಾಗ ಉತ್ತರಗಳು ಸಾಲುಗಟ್ಟಿ ಬಂದವು. ನಾನು ಹೌದೆಂದಿದ್ದರೂ ಆ ಅಧಿಕಾರಿ ಒಪ್ಪುತ್ತಿರಲಿಲ್ಲ; ಮೇಷ್ಟರೇ ಸರಿಯಾಗಿ ವಿವರಿಸಬೇಕಿತ್ತು; ನಾಲ್ಕನೇ ಕ್ಲಾಸು ಬಂದಿದ್ದರೂ ಆ ಹುಡುಗಿಯನ್ನು ಮನೆಯವರು ಬಿಡಿಸುತ್ತಿದ್ದರು. ಯಾವುದನ್ನೂ ಸುಳ್ಳೆಂದು ಯಾರೂ ಸಾಧಿಸಲಾರರು. ಅದಕ್ಕೇ ಅವುಗಳ ಮೇಲೆ ನನಗೆ ಅನುಮಾನ. ಚರ್ಚೆಯಾಗಿದ್ದರೆ ನನ್ನ ಎದುರು ಪಕ್ಷದವನಿಗೆ ಹೇಳಲು ಒಂದೇ ಮಾತಿತ್ತು: ನಿನ್ನನ್ನು ಕೇಳಿದ್ದು ನಿನಗೆ ಗೊತ್ತಿದ್ದ ವಿಷಯ, ನೀನು ಇಲ್ಲ ಎಂದೆ.

ಮೇಷ್ಟರ ಬಳಿ ಹೋಗಿ ಇದನ್ನು ಒಪ್ಪಿಕೊಳ್ಳಬೇಕೆಂದು ಪ್ರತಿ ರಜಕ್ಕೂ ಅಂದುಕೊಳ್ಳುತ್ತಿದ್ದೆ. ಊರಿಗೆ ಬಂದರೆ ಶಾಲೆಯ ಬೀದಿ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿ ಹೋಗುತ್ತಿದ್ದೆ. ಎರಡನೆಯ ವರ್ಷ ಅಪ್ಪನ ಕಾರ್ಡು ಬಂತು. ರಾಗಿ ಚೆನ್ನಾಗಿ ಬಂದಿದೆ, ಕೆಂಪು ಹಸು ಕರು ಹಾಕಿತು, ನಿಮ್ಮ ಮೇಷ್ಟರು ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಒಂದೇ ಸಾಲಿನಲ್ಲಿ ಮೂರೂ ಇದ್ದವು.

ಆಮೇಲೂ ನಾಲ್ಕು ವರ್ಷ ಸುಮ್ಮನಿದ್ದೆ. ಹೋದ ತಿಂಗಳು ಕ್ಯಾಸಂಬಳ್ಳಿಗೆ ಹೋದೆ. ಮುನಿಯಮ್ಮನನ್ನು ಅಲ್ಲಿಗೆ ಕೊಟ್ಟಿದ್ದಾರೆ; ಕಂಕುಳಲ್ಲಿ ಒಂದು ಮಗು. ಜಗುಲಿಯ ಮೇಲೆ ಚಾಪೆ ಹಾಕಿ ಮಜ್ಜಿಗೆ ಕೊಟ್ಟಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಮಾತು ತೆಗೆದೆ. ಆವತ್ತು ನಾನು ಹೇಳಿದ್ದು ಸುಳ್ಳು, ನನ್ನ ಸ್ಲೇಟಿಗೂ ಗೆರೆಯಿತ್ತು ಎಂದೆ.

“ಗೊತ್ತು ಅಣ್ಣ” ಎಂದಳು. “ಮೇಷ್ಟ್ರು ಆವತ್ತೇ ನಮ್ಮನ್ನೆಲ್ಲ ಕೂರಿಸ್ಕೊಂಡು ಅಂದ್ರು, ದೊಡ್ಡೋರ ಮುಂದೆ ಯಾರಿಗಾದ್ರೂ ಎದ್ರಿಕೆ ಆಗ್ತದೆ, ಅವನ ಮೇಲೆ ಯಾರೂ ಚಾಡಿ ಆಡಬೇಡಿ ಅಂತ. ನಾವ್ಯಾರೂ ಆಡ್ಲಿಲ್ಲ.”

ಊರಿನ ಅಷ್ಟು ಮಕ್ಕಳೂ ಆರು ವರ್ಷ ನನ್ನ ಗುಟ್ಟು ಕಾದಿದ್ದರು.

“ನಾಕನೇ ಕ್ಲಾಸಿನ ಪುಸ್ತಕ ಎಲ್ಲಿಂದ್ಲೋ ತಂದಿದ್ರು” ಎಂದು ಅವಳೇ ಮುಂದುವರಿಸಿದಳು. “ಸ್ಕೂಲ್ ಬಿಟ್ಮೇಲೆ ಮೆಟ್ಟಿಲ ಮೇಲೆ ಕೂರಿಸಿ ನಂಗೆ ಒಬ್ಬಳಿಗೇ ಪಾಠ. ಭಿನ್ನರಾಶಿ ಕೂಡೋದು, ಕಳೆಯೋದು, ಗುಣಿಸೋದು ಆಯ್ತು. ಭಾಗಾಕಾರ ನಾಳೆ ಅಂದ್ರು. ಜ್ವರ ಬಂತು.” ಮಗುವನ್ನು ಅತ್ತೆಯ ಕೈಗೆ ಕೊಟ್ಟು ಒಳಗೆ ಹೋಗಿ ಪುಸ್ತಕ ತಂದಳು, ನಿಂತ ಪುಟ ತೆಗೆದಳು. “ನಿಮಗೆ ಬತ್ತದಲ್ಲ?”

ಹೇಳಿಕೊಟ್ಟೆ. ಅರ್ಧ ಮುದ್ದೆಯಲ್ಲಿ ಕಾಲು ಮುದ್ದೆಗಳು ಎಷ್ಟು ಎಂದು ಆರಂಭಿಸಿದೆ. ನನ್ನ ಎರಡನೆಯ ವಾಕ್ಯ ಮುಗಿಯುವ ಮೊದಲೇ ಅವಳಿಗೆ ಹೊಳೆದಿತ್ತು. ಪುಟದ ಕೊನೆಯವರೆಗೂ ನನ್ನನ್ನು ಕೇಳದೆ ತಾನೇ ಮಾಡಿದಳು. ಅತ್ತೆ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದರು. ಮಗು ಅಳತೊಡಗಿತು. ಅವಳು ಪುಸ್ತಕ ಮುಚ್ಚಿ ಎದ್ದಳು.

ನಮ್ಮ ಕಡೆ ಮನೆಗೆ ಬಂದವರನ್ನು, ಎಂಥವರೇ ಆಗಿರಲಿ, ಹೋಗಿ ಬನ್ನಿ ಎಂದೇ ಕಳಿಸುತ್ತಾರೆ. ನಾನು ಚಪ್ಪಲಿ ಮೆಟ್ಟಿಕೊಂಡು, ಆ ಮಾತಿಗಾಗಿ ಬೇಕೆಂದೇ ಸ್ವಲ್ಪ ನಿಧಾನ ಮಾಡಿದೆ.

“ಒತ್ತಾಯ್ತು ಅಣ್ಣ” ಎಂದಳು ಮುನಿಯಮ್ಮ. “ಬಸ್ಸು ಓಗ್ಬುಡ್ತದೆ.”