ಒಳಗೆ ಯಾರೂ ಇಲ್ಲ

ಕುರುಗೋಡಿನ ನಮ್ಮ ಓಣಿಯಲ್ಲಿ ಸುಧಾರಾಣಿಯವರನ್ನು ಎಲ್ಲರೂ ಕಂಪ್ಯೂಟರ್ ಸುಧಕ್ಕ ಎನ್ನುತ್ತಾರೆ. ಅವರು ಹುಟ್ಟಿದ್ದು ತೆಕ್ಕಲಕೋಟೆಯಲ್ಲಿ. ಸಿರುಗುಪ್ಪದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿಬಂದು ಬಿ.ಕಾಂ. ಮುಗಿಸಿದರು. ಗಂಡ ಹಂಪೇಶನದು ಪಂಚರ್ ಅಂಗಡಿ.

ಸುಧಕ್ಕ ಮೊದಲಿನಿಂದಲೂ ಅಂಜುವ ಸ್ವಭಾವದವರು. ಬೀಗ ಹಾಕಿದ ಮೇಲೂ ಎಳೆದು ನೋಡುತ್ತಾರೆ. ಗ್ಯಾಸ್ ಆರಿಸಿ ಓಣಿಯ ತಿರುವಿನವರೆಗೆ ಹೋದವರು ಮತ್ತೆ ಮನೆಗೆ ಬಂದು ಮುಟ್ಟಿ ನೋಡುತ್ತಾರೆ. "ಯವ್ವಾ ಸುಧಕ್ಕ, ಗಂಡ ಮನ್ಯಾಗ ಅದಾನೋ ಇಲ್ಲೋ, ಅದನ್ನೂ ಎರಡು ಸಲ ನೋಡ್ತಿಯೇನ?" ಎಂದು ನಲ್ಲಿಯ ಹತ್ತಿರ ಹೆಂಗಸರು ಕಾಡುತ್ತಿದ್ದರು. ಸುಧಕ್ಕನೂ ನಗುತ್ತಿದ್ದರು.

ಅವರ ಕೆಲಸ ಬಳ್ಳಾರಿ ರಸ್ತೆಯಲ್ಲಿರುವ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ. ಕಿಟಕಿಯೇ ಇಲ್ಲದ ದೊಡ್ಡ ಕಟ್ಟಡ ಅದು. ಒಣಮೆಣಸಿನಕಾಯಿಯ ಚೀಲಗಳು ಬಣ್ಣಗೆಡದಂತೆ ಅಲ್ಲಿ ತಿಂಗಳುಗಟ್ಟಲೆ ತಂಪಿನಲ್ಲಿರುತ್ತವೆ. ಯಾವ ಕೋಣೆಗೆ ಎಷ್ಟು ಚೀಲ ಹೋಯಿತು, ಕೋಣೆ ಎಷ್ಟು ತಂಪಾಗಿದೆ, ಈಗ ಒಳಗೆ ಎಷ್ಟು ಮಂದಿ ಇದ್ದಾರೆ, ಎಲ್ಲವನ್ನೂ ಸುಧಕ್ಕ ಕಂಪ್ಯೂಟರಿಗೆ ಹಾಕುತ್ತಾರೆ. ಹಾಕಿದ ಕ್ಷಣವೇ ಅದು ಬಳ್ಳಾರಿ ಕಂಟೋನ್ಮೆಂಟಿನ ಹೆಡ್ ಆಫೀಸಿನಲ್ಲಿ, ಗೋಡೆಯ ಮೇಲಿನ ದೊಡ್ಡ ಟಿವಿಯಲ್ಲಿ ಕಾಣುತ್ತದೆ. ಕಂಪನಿಯ ಒಂದೊಂದು ಗೋದಾಮಿಗೆ ಅಲ್ಲಿ ಒಂದೊಂದು ಚೌಕ. ಎಲ್ಲ ಸರಿಯಿದ್ದರೆ ಚೌಕ ಹಸಿರು, ಏನಾದರೂ ಕೆಟ್ಟರೆ ಕೆಂಪು. ಮಾಲೀಕರು ಆ ಟಿವಿ ನೋಡಿಯೇ ಎಲ್ಲ ತೀರ್ಮಾನ ಮಾಡುತ್ತಾರೆ. ಕೆಂಪಾದರೆ ಅಲ್ಲಿಂದ ಗವಿಸಿದ್ದೇಶ್ ಸರ್ ಫೋನ್ ಮಾಡುತ್ತಾರೆ. ಅವರು ಬೈಯುವುದಿಲ್ಲ. "ಯಾಕ ಮೇಡಂ?" ಎಂದಷ್ಟೇ ಕೇಳುತ್ತಾರೆ. ಬೈಗುಳಕ್ಕಿಂತ ಆ ಪ್ರಶ್ನೆಗೇ ಸುಧಕ್ಕ ಹೆಚ್ಚು ಅಂಜುತ್ತಿದ್ದರು.

ಹೆಚ್ಚು ಕೆಂಪು ಬರುತ್ತಿದ್ದುದು ಹಾಜರಿಯಿಂದ. ಬಾಗಿಲ ಬಳಿ ಬೆರಳಿಡುವ ಯಂತ್ರವಿದೆ. ವರ್ಷಗಟ್ಟಲೆ ಮೆಣಸಿನಕಾಯಿ ಆರಿಸಿದ ಹೆಂಗಸರ ಬೆರಳುಗಳಲ್ಲಿ ಗೆರೆ ಸವೆದುಹೋಗಿ, ಯಂತ್ರ ಅವರನ್ನು ಒಪ್ಪುತ್ತಿರಲಿಲ್ಲ. ಬೆರಳನ್ನು ಸೀರೆಗೆ ಒರೆಸಿ, ಉಗುಳು ಹಚ್ಚಿ, ಮತ್ತೆ ಮತ್ತೆ ಒತ್ತುತ್ತ ನಿಲ್ಲುವರು. ಅದಕ್ಕೆ ಸುಧಕ್ಕ ಒಂದು ದಾರಿ ಕಂಡುಕೊಂಡರು. ಬೆರಳು ಹತ್ತದವರನ್ನೆಲ್ಲ ಮೇಸ್ತ್ರಿ ಹೊನ್ನೂರಸ್ವಾಮಿಯ ಹೆಬ್ಬೆರಳಿಗೆ ಸೇರಿಸಿದರು. ಅವನು ಒತ್ತಿ ಒಳಗೆ ಹೋದರೆ ಅವನ ಗುಂಪೆಲ್ಲ ಒಳಗೆ. ಅವನು ಒತ್ತಿ ಹೊರಗೆ ಬಂದರೆ ಗುಂಪೆಲ್ಲ ಹೊರಗೆ. ಪಟ್ಟಿಯಲ್ಲಿ ಅವರ ಹೆಸರುಗಳು ಹೋಗಿ ಅವನ ಹೆಸರೊಂದೇ ಉಳಿಯಿತು. ಕೆಂಪು ನಿಂತಿತು. "ಬೇಷ್ ಮಾಡಿದ್ರಿ ಮೇಡಂ" ಎಂದರು ಗವಿಸಿದ್ದೇಶ್ ಸರ್. ಕೋಣೆಯೊಳಗೆ ಅಪಾಯದ ಗಂಟೆಯೊಂದಿತ್ತು. ಹಮಾಲರು ತಮಾಷೆಗೆ ಅದನ್ನು ಒತ್ತಿದಾಗಲೂ ಬಳ್ಳಾರಿಯಲ್ಲಿ ಕೆಂಪಾಗುತ್ತಿತ್ತು. ಹೆಡ್ ಆಫೀಸಿನವರು ಹೇಳಿದರೆಂದು ಸುಧಕ್ಕ ಅದರ ವೈರನ್ನೂ ಬಿಚ್ಚಿಸಿಟ್ಟರು.

ಅವತ್ತು ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಯ ದಿನ ಮಿಷನ್ನಿಗೆ ಪೂಜೆ ಮಾಡಿ, ಗೇಟಿನ ಮುಂದೆ ಬೂದುಗುಂಬಳಕಾಯಿ ಒಡೆದು, ಮಧ್ಯಾಹ್ನಕ್ಕೆ ಕೆಲಸ ಮುಗಿಸುತ್ತಾರೆ. ಬೆಳಿಗ್ಗೆಯೇ ಗವಿಸಿದ್ದೇಶ್ ಸರ್ ಫೋನ್ ಮಾಡಿದ್ದರು. "ಸಾಲ ಕೊಡೋ ಬ್ಯಾಂಕಿನೋರು ಬರಾಕತ್ತಾರ. ಟಿವಿ ಮುಂದ ಕುಂದರ್ತಾರ. ಇವತ್ತು ಒಂದೂ ಕೆಂಪು ಕಾಣಬಾರದು ನೋಡ್ರಿ." ಹೊನ್ನೂರಸ್ವಾಮಿ ಬೇಗನೆ ಹೆಬ್ಬೆರಳು ಒತ್ತಿ ಹೊರಗೆ ಬಂದ. ಮಿಷನ್ ನೋಡಿಕೊಳ್ಳುವ ಚಂದ್ರಣ್ಣ ದೀಪ ಆರಿಸಿ, ದಪ್ಪ ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದ. ಸುಧಕ್ಕನ ಕಂಪ್ಯೂಟರಿನಲ್ಲಿ ಒಳಗಿರುವವರು ಸೊನ್ನೆ ಎಂದು ಬಂತು.

ಮಿಷನ್ ಪೂಜೆ ಮುಗಿಸಿ ಎಲ್ಲರೂ ಗೇಟಿಗೆ ಬಂದರು. ಕರ್ಪೂರ ಹಚ್ಚಿದ ಕುಂಬಳಕಾಯಿಯನ್ನು ಹೊನ್ನೂರಸ್ವಾಮಿ ತಾನೇ ಎತ್ತಿಕೊಂಡ. ಸುಧಕ್ಕನಿಗೆ ಏನೋ ಸರಿಯಿಲ್ಲ ಅನ್ನಿಸಿತು. ನಿವಾಳಿಸುವುದು ಅವನ ಗುಂಪಿನ ಹಿರಿಯಳಾದ ಗಾದೆಮ್ಮನ ಪಾಲು. ಕೋಣೆಯಲ್ಲಿ ಉದುರಿದ ಕಾಯಿ ಗುಡಿಸುವ ಮುದುಕಿ ಅವಳು. ಕಿವಿ ಸ್ವಲ್ಪ ಮಂದ. ಆ ಕುಂಬಳಕಾಯಿಯನ್ನು ಅವಳು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

"ಗಾದೆಮ್ಮತ್ತಿ ಎಲ್ಲಿ?"

"ಮನಿಗಿ ಹೋಗಿರ್ತಾಳ ಬಿಡ್ರಿ. ಮಮ್ಮಗಗ ಜ್ವರ ಅಂತಿದ್ಲು" ಎಂದ ಹೊನ್ನೂರಸ್ವಾಮಿ.

"ಹೋಗಿದ್ದು ನೋಡಿರೇನು?"

"ನಾ ಯಾಕ ನೋಡ್ಲಿ? ಎಲ್ಲಾರೂ ಹೊರಗ ಅಂತ ನಿಮ್ಮ ಕಂಪ್ಯೂಟರ ಹೇಳತೈತಲ್ಲ."

ಸುಧಕ್ಕ ಆಫೀಸಿಗೆ ಓಡಿ ಪರದೆ ನೋಡಿದರು. ಸೊನ್ನೆ. ಒಂದು ಗಳಿಗೆ ಸಮಾಧಾನವಾಯಿತು. ಮರುಗಳಿಗೆಯೇ ಒಂದು ಮಾತು ಹೊಳೆಯಿತು. ಈ ಸೊನ್ನೆ ಬಂದದ್ದು ಹೊನ್ನೂರಸ್ವಾಮಿಯ ಹೆಬ್ಬೆರಳಿನಿಂದ. ಅವನು ಈ ಸೊನ್ನೆಯನ್ನು ನಂಬಿದ್ದಾನೆ. ಕಣ್ಣಿಂದ ನೋಡಿದವರು ಯಾರೂ ಇಲ್ಲ.

ಗಾದೆಮ್ಮನ ಸೊಸೆ ಮಂಜಮ್ಮನಿಗೆ ಫೋನ್ ಮಾಡಿದರು. "ಅತ್ತಿ ಇನ್ನಾ ಬಂದಿಲ್ಲಕ್ಕ. ಪೂಜಿ ಮುಗಿಸ್ಕೊಂಡ ಬರ್ತೀನಿ ಅಂದಿದ್ಲು. ಯಾಕ, ಏನಾತು?" ಸುಧಕ್ಕ ಫೋನ್ ಇಟ್ಟು ಚಂದ್ರಣ್ಣನನ್ನು ಕೂಗಿದರು.

"ಚಂದ್ರಣ್ಣ, ಬಾಗ್ಲಾ ತೆಗೀರಿ."

"ಏನ್ ಮಾತಾಡ್ತೀರಿ ಮೇಡಂ? ಮುಚ್ಚಿದ ಕೋಣಿ ತೆಗದ್ರ ಅಲ್ಲಿ ಕೆಂಪ ಆಗತೈತಿ. ಇಬ್ಬರದೂ ಕೆಲಸ ಹೋಗತೈತಿ. ಸಾಹೇಬ್ರನ್ನ ಒಂದು ಮಾತು ಕೇಳ್ರಿ."

ಕೇಳಿದರು. ಗವಿಸಿದ್ದೇಶ್ ಸರ್ ಮೆಲ್ಲಗೆ ಮಾತಾಡಿದರು. ಬ್ಯಾಂಕಿನವರು ಪಕ್ಕದಲ್ಲೇ ಇದ್ದಿರಬೇಕು. "ನನ್ನ ಕಣ್ಣ ಮುಂದ ಐತಿ ಮೇಡಂ, ಸೊನ್ನಿ ಅಂತ ಐತಿ. ನೀವ ಹಾಕಿದ್ದಲ್ಲೇನು?"

"ಹೌದು ಸರ್, ನಾನ ಹಾಕಿದ್ದು. ಅದಕ್ಕ ಅಂಜಿಕಿ ಆಗಾಕತ್ತೈತಿ."

"ಇವರು ಚಾ ಕುಡದು ಹೋಗ್ಲಿ. ಅರ್ಧ ತಾಸು ತಡೀರಿ."

ಸುಧಕ್ಕ ಫೋನನ್ನು ಮೇಜಿನ ಮೇಲಿಟ್ಟರು. ಬಾಗಿಲು ತೆಗೆಸಿದ ಮೇಲೆ ಗಾದೆಮ್ಮ ಹೊರಗೇ ಇದ್ದಳೆಂದಾದರೆ ತನ್ನ ಕೆಲಸ ಹೋದಂತೆಯೇ. ಒಳಗಿದ್ದರೆ? ಆ ಯೋಚನೆಯನ್ನು ಪೂರ್ತಿ ಮಾಡಲು ಅವರಿಗೆ ಧೈರ್ಯವಾಗಲಿಲ್ಲ. ಹೋಗಿ ತಾವೇ ಚಿಲಕಕ್ಕೆ ಕೈ ಹಾಕಿದರು. ಅದು ಜಗ್ಗಲಿಲ್ಲ. ತಣ್ಣನೆಯ ಒದ್ದೆ ಕಬ್ಬಿಣದ ಮೇಲೆ ಕೈ ಜಾರಿತು. ಚಂದ್ರಣ್ಣ ಅವರ ಮುಖ ನೋಡಿ, ಬಂದು ಚಿಲಕ ತೆಗೆದ.

ಒಳಗೆ ಕತ್ತಲು; ದೀಪದ ಸ್ವಿಚ್ಚು ಅತ್ತ ಮಿಷನ್ ಕೋಣೆಯಲ್ಲಿತ್ತು. ತಂಪಿನ ಜೊತೆ ಘಾಟು ಗಂಟಲಿಗೆ ಅಡರಿತು. "ಗಾದೆಮ್ಮತ್ತೀ" ಎಂದು ಸುಧಕ್ಕ ಕೂಗಿದರು. ಸೂರಿನವರೆಗೆ ಪೇರಿಸಿದ ಚೀಲಗಳು ಕೂಗನ್ನು ಅಲ್ಲೇ ನುಂಗಿದವು. ಹಿಂದೆಯೇ ಬಂದ ಹೊನ್ನೂರಸ್ವಾಮಿ ಕೆಮ್ಮುತ್ತ ಏಣಿ ಹತ್ತಿ ಮೇಲಿನ ಅಟ್ಟಗಳನ್ನೆಲ್ಲ ಬ್ಯಾಟರಿ ಬಿಟ್ಟು ನೋಡಿದ. "ಕಸಬರಿಗಿ ಐತಿ, ಅಕಿ ಇಲ್ಲ" ಎಂದು ಮೇಲಿನಿಂದ ಹೇಳಿದ. ಹೊರಗೆ ಸುಧಕ್ಕನ ಮೇಜಿನ ಮೇಲೆ ಫೋನ್ ಬಡಿದುಕೊಳ್ಳತೊಡಗಿತು. ಬಳ್ಳಾರಿಯಲ್ಲಿ ಕೆಂಪಾಗಿತ್ತು.

"ಯಾರೂ ಇಲ್ರಿ, ಮುಚ್ಚೋಣ ನಡೀರಿ" ಎಂದ ಚಂದ್ರಣ್ಣ.

ಸುಧಕ್ಕ ತಿರುಗಿದರು. ಬಾಗಿಲ ಮಗ್ಗುಲಲ್ಲೇ ಖಾಲಿ ಚೀಲಗಳ ಗುಡ್ಡೆಯೊಂದಿತ್ತು. ಬರುವಾಗ ಮೂವರೂ ಅದನ್ನು ದಾಟಿಯೇ ಬಂದಿದ್ದರು. ಈಗ ಅದಕ್ಕೆ ಸುಧಕ್ಕನ ಕಾಲು ತಗುಲಿತು. ಚೀಲದಡಿ ಮೆತ್ತಗೆ ಏನೋ ಸಿಕ್ಕಿತು. ಸುಧಕ್ಕ ಕಿರುಚಿಕೊಂಡರು.

ಗಾದೆಮ್ಮ ಮಂಡಿಗೆ ಮುಖ ಹಚ್ಚಿ ಮುದುಡಿ ಕೂತಿದ್ದಳು. ತುಟಿ ಕಪ್ಪಿಟ್ಟಿತ್ತು. ಬಡಿದು ಬಡಿದು ಮುಷ್ಟಿಗಳು ಬಾತಿದ್ದವು. ಕಣ್ಣು ತೆರೆದಿದ್ದರೂ ಅವು ಯಾರನ್ನೂ ನೋಡುತ್ತಿರಲಿಲ್ಲ. ಎತ್ತಿಕೊಂಡು ಬಂದು ಅಂಗಳದ ಬಿಸಿಲಿನಲ್ಲಿ ಮಲಗಿಸಿದರು. ಹೆಂಗಸರು ಅಂಗಾಲು ತಿಕ್ಕಿದರು. ಬಹಳ ಹೊತ್ತಿನ ಮೇಲೆ ಅವಳ ಹಲ್ಲು ಕಟಕಟ ಎಂದವು. ಆ ಸದ್ದು ಕೇಳಿ ಹೊನ್ನೂರಸ್ವಾಮಿ ಅತ್ತುಬಿಟ್ಟ. ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದ ಮೇಲೆ ಸುಧಕ್ಕ ಫೋನ್ ಎತ್ತಿಕೊಂಡರು.

"ಕೆಂಪು ಯಾಕ ಮೇಡಂ?"

"ಒಳಗ ಮನುಷ್ಯಾರಿದ್ರು ಸರ್. ಗಾದೆಮ್ಮ ಅಂತ."

ಅತ್ತ ಕಡೆ ಕೀಲಿಗಳನ್ನು ಒತ್ತುವ ಸದ್ದು ಕೇಳಿಸಿತು. ಆಮೇಲೆ ಗವಿಸಿದ್ದೇಶ್ ಸರ್ ಗಾಬರಿಯಿಂದ ಕೇಳಿದರು, "ಆ ಹೆಸರ ಇಲ್ಲಿ ಇಲ್ಲಲ್ರಿ?"

ಯಾರ ಕೆಲಸವೂ ಹೋಗಲಿಲ್ಲ. ಗಂಟೆಗೆ ವೈರ್ ಕೂಡಿಸಿದರು. ಹೆಬ್ಬೆರಳಿನ ಪದ್ಧತಿ ನಿಂತು, ಪ್ರತಿಯೊಬ್ಬರ ಕೊರಳಿಗೂ ಕಾರ್ಡ್ ಬಂತು. ಆದರೂ ಸುಧಕ್ಕ ಸಂಜೆ ಪ್ರತಿ ಕೋಣೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಾರೆ. ಉತ್ತರ ಬಾರದಿದ್ದರೂ ತಟ್ಟನೆ ತಿರುಗುವುದಿಲ್ಲ, ಕಿವಿಗೊಟ್ಟು ನಿಲ್ಲುತ್ತಾರೆ. ಈಗ ಓಣಿಯಲ್ಲಿ ಯಾರೂ ಅವರನ್ನು ನೋಡಿ ನಗುವುದಿಲ್ಲ.

ಆಸ್ಪತ್ರೆಯಿಂದ ಬಂದ ಗಾದೆಮ್ಮನನ್ನು ನೋಡಲು ಸುಧಕ್ಕ ಹೋದಾಗ, ಅವಳು ಕಟ್ಟೆಯ ಮೇಲೆ ಕಂಬಳಿ ಹೊದ್ದು ಸುಡು ಬಿಸಿಲಿನಲ್ಲಿ ಕೂತಿದ್ದಳು. ಸುಧಕ್ಕನ ಮುಂಗೈ ಹಿಡಿದು ಹತ್ತಿರ ಎಳೆದುಕೊಂಡಳು.

"ಬಾಗ್ಲಾ ಬಡಿಯಾಕತ್ತಾಗ ನನಗ ಚಳಿದ್ದು ಅಂಜಿಕಿ ಇರಲಿಲ್ಲವ್ವ. ನಾ ಒಳಗ ಅದೀನಿ ಅನ್ನೂದು ಯಾರಿಗೂ ಗೊತ್ತಿಲ್ಲೇನೋ ಅಂತ ಅಂಜಿಕಿ. ಹೌದೇನ? ಗೊತ್ತಿರಲಿಲ್ಲೇನ?"

ಗೊತ್ತಿತ್ತು ಎನ್ನಲು ಸುಧಕ್ಕನಿಗೆ ನಾಲಿಗೆ ಏಳಲಿಲ್ಲ. "ಗೊತ್ತಿರಲಿಲ್ಲತ್ತಿ" ಎಂದರು.

ಗಾದೆಮ್ಮ ಕೈ ಬಿಟ್ಟು ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡಳು. "ಹಂಗಾರ ನಾ ಇನ್ನ ಅಲ್ಲಿಗಿ ಬರೂದಿಲ್ಲವ್ವ" ಎಂದಳು.